ಗಾಲಿಕುರ್ಚಿಗೆ ಬೆರಳಿನ ಲೆಕ್ಕ

ಎರಡು ನಂಬರ್ ದೊಡ್ಡದಾದ ಚಪ್ಪಲಿ ಹಾಕಿಕೊಂಡು ದಿನವಿಡೀ ಓಡಾಡಲು ಯಾರೂ ಒಪ್ಪುವುದಿಲ್ಲ. ಗಾಲಿಕುರ್ಚಿಯ ವಿಷಯಕ್ಕೆ ಬಂದರೆ ಮಾತ್ರ ‘ಸ್ವಲ್ಪ ಅಗಲ ಇದ್ದರೆ ಆರಾಮವಾಗಿರುತ್ತೆ ಬಿಡಿ’ ಎಂಬ ಮಾತು ಸಲೀಸಾಗಿ ಬಂದುಬಿಡುತ್ತದೆ. ಚಪ್ಪಲಿ ಕಚ್ಚಿದರೆ ತಕ್ಷಣ ಗೊತ್ತಾಗುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರಿಗೆ ಕುರ್ಚಿ ಕಚ್ಚಿದ್ದು ಗೊತ್ತಾಗುವುದು ಹುಣ್ಣಾದ ಮೇಲೆ. ಅಳತೆ ತಪ್ಪಿದ ಕುರ್ಚಿ ವರ್ಷಗಟ್ಟಲೆ ಮಾಡುವ ಹಾನಿ ಬಹುಪಾಲು ಮೊದಲ ದಿನದ ಹತ್ತು ನಿಮಿಷದಲ್ಲೇ ತಪ್ಪಿಸಬಹುದಾದಂಥದ್ದು. ಬೇಕಾಗುವುದು ಒಂದು ಟೇಪು, ಎರಡು ರಟ್ಟು, ನಾಲ್ಕು ಬೆರಳು.

ಕುರ್ಚಿಯೆಂದರೆ ಎಲ್ಲರಿಗೂ ಒಂದೇ ಎಂಬ ಭಾವನೆ ಬಂದದ್ದು ಹೇಗೆ ಎನ್ನುವುದಕ್ಕೆ ಸ್ವಲ್ಪ ಚರಿತ್ರೆ ಇದೆ. ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡಿದ್ದ ಅಮೆರಿಕದ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ ಮತ್ತು ಅವರ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಸೇರಿ 1933ರಲ್ಲಿ ಮಡಚುವ ಲೋಹದ ಕುರ್ಚಿ ರೂಪಿಸಿದರು. ಕಾರಿನೊಳಗೆ ಇಟ್ಟುಕೊಂಡು ಹೋಗುವಂತಿರಬೇಕು ಎಂಬುದು ಉದ್ದೇಶ. ಕೆಳಗೆ ಕತ್ತರಿಯಂತೆ ಅಡ್ಡ ಹಾಯುವ ಎರಡು ಕೊಳವೆ, ಮಡಚಿದಾಗ ಸೀಟೂ ಮಡಚಿಕೊಳ್ಳಬೇಕಾದ್ದರಿಂದ ಅದು ಬಟ್ಟೆಯದ್ದು. ಆ ಕಾಲಕ್ಕೆ ಅದೊಂದು ಬಿಡುಗಡೆಯೇ. ಆಸ್ಪತ್ರೆಗಳಿಗೆ ಬೇಕಾದದ್ದೂ ಇದೇ: ರೋಗಿಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋಗಲು ಯಾರು ಕೂತರೂ ಹಿಡಿಸುವ, ಸುಮಾರು 45 ಸೆಂಟಿಮೀಟರ್ ಅಗಲದ, 16–18 ಕಿಲೋ ತೂಕದ ಗಟ್ಟಿ ಕುರ್ಚಿ. ಹತ್ತು ನಿಮಿಷ ಕೂತು ಏಳುವವರಿಗೆ ಅದು ಸಾಕು. ಅದೇ ಕುರ್ಚಿಯನ್ನು ಜೀವನಪರ್ಯಂತ ಕೂರುವವರಿಗೂ ಕೊಟ್ಟಾಗ ತೊಂದರೆ ಶುರು. ಬಟ್ಟೆ ತಿಂಗಳುಗಳಲ್ಲಿ ಜೋಲುತ್ತದೆ, ತೊಟ್ಟಿಲಿನಂತಾಗುತ್ತದೆ. ತೊಡೆಗಳು ಒಳಮುಖವಾಗಿ ಹೊರಳಿಕೊಳ್ಳುತ್ತವೆ, ಸೊಂಟ ಒಂದು ಬದಿಗೆ ವಾಲುತ್ತದೆ. ತಲೆ ನೆಟ್ಟಗಿರಲೇಬೇಕಲ್ಲ, ಹಾಗಾಗಿ ಬೆನ್ನು ಇನ್ನೊಂದು ಬದಿಗೆ ಬಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೈಯಿಂದ ನಡೆಸುವ ಗಾಲಿಕುರ್ಚಿಗಳ ಬಗ್ಗೆ ಮಾರ್ಗದರ್ಶಿ ತಂದಾಗ ಒತ್ತು ಕೊಟ್ಟದ್ದು ಇದಕ್ಕೇ. ಕುರ್ಚಿ ಹಂಚಿದರೆ ಸಾಲದು. ಪರೀಕ್ಷೆ, ಅಳತೆ, ಹೊಂದಿಸುವಿಕೆ, ತರಬೇತಿ, ದುರಸ್ತಿ ಎಲ್ಲ ಸೇರಿ ಎಂಟು ಹೆಜ್ಜೆಯ ಸೇವೆ ಬೇಕು ಎಂದು ಅದು ಹೇಳಿತು. 2012ರಲ್ಲಿ ಇದಕ್ಕೆ ತಕ್ಕ ತರಬೇತಿ ಪುಸ್ತಕಗಳು ಬಂದವು. ಚಿತ್ರಗಳ ಸಮೇತ, ಉಚಿತವಾಗಿ ಸಿಗುತ್ತವೆ. 2023ರ ಹೊಸ ಮಾರ್ಗದರ್ಶಿ ಆ ಎಂಟನ್ನು ಆಯ್ಕೆ, ಹೊಂದಿಸುವಿಕೆ, ತರಬೇತಿ, ಆಮೇಲೂ ವಿಚಾರಿಸಿಕೊಳ್ಳುವುದು ಎಂದು ನಾಲ್ಕಕ್ಕೆ ಇಳಿಸಿದೆ. ಇವುಗಳಲ್ಲಿ ಕೈಯಲ್ಲಿಟ್ಟುಕೊಂಡು ಕೆಲಸ ಮಾಡಲು 2012ರದ್ದೇ ಇಂದಿಗೂ ಅನುಕೂಲ.

ಅಳತೆ ತೆಗೆಯುವ ಕ್ರಮ ಸರಳ. ವ್ಯಕ್ತಿಯನ್ನು ಹಾಸಿಗೆ ಮೇಲೆ ಕೂರಿಸಿ ಅಳೆಯಬೇಡಿ. ಮೆತ್ತನೆಯ ಜಾಗದಲ್ಲಿ ಸೊಂಟ ಹೂತುಹೋಗಿ ಎಲ್ಲ ಲೆಕ್ಕವೂ ತಪ್ಪುತ್ತದೆ. ಗಟ್ಟಿ ಬೆಂಚಿನ ಮೇಲೆ, ಪಾದಗಳು ನೆಲಕ್ಕೋ ಮಣೆಗೋ ಊರುವಂತೆ, ಆದಷ್ಟು ನೆಟ್ಟಗೆ ಕೂರಿಸಿ. ಸೊಂಟದ ಎರಡೂ ಬದಿಗೆ ರಟ್ಟುಗಳನ್ನು ನೇರವಾಗಿ ಆನಿಸಿ ಅವುಗಳ ನಡುವಿನ ದೂರ ಅಳೆದರೆ ಅದೇ ಸೀಟಿನ ಅಗಲ. ಟೇಪನ್ನು ತೊಡೆಯ ಮೇಲೆ ಬಳಸಿ ಅಳೆದರೆ ಮೈಯ ಉಬ್ಬು ಸೇರಿಕೊಂಡು ಅಂಕಿ ಹೆಚ್ಚಾಗುತ್ತದೆ. ಅಗಲದ ಕುರ್ಚಿ ಕೊಡುವ ತಪ್ಪು ಅನೇಕ ಸಲ ಹುಟ್ಟುವುದು ಇಲ್ಲೇ. ಅಗಲ ಹೆಚ್ಚಾದರೆ ವ್ಯಕ್ತಿ ಒಂದು ಬದಿಗೆ ಒರಗುತ್ತಾನೆ, ಗಾಲಿ ಹಿಡಿಯಲು ತೋಳನ್ನು ರೆಕ್ಕೆಯಂತೆ ಹೊರಗೆ ಚಾಚಬೇಕಾಗುತ್ತದೆ, ಬಾಗಿಲಲ್ಲಿ ಕುರ್ಚಿಯೂ ಸಿಕ್ಕಿಕೊಳ್ಳುತ್ತದೆ.

ಸೀಟಿನ ಆಳದಲ್ಲಿ ಆಗುವ ತಪ್ಪು ಇದಕ್ಕಿಂತ ಕೆಟ್ಟದ್ದು. ಬೆನ್ನಿನ ಹಿಂಬದಿಗೆ ಒಂದು ರಟ್ಟು ಆನಿಸಿ, ಅಲ್ಲಿಂದ ಮಂಡಿಯ ಹಿಂಬದಿಯ ಮಡಿಕೆಯವರೆಗೆ ಅಳೆಯಿರಿ, ಬಂದದ್ದರಲ್ಲಿ 3ರಿಂದ 6 ಸೆಂಟಿಮೀಟರ್ ಕಳೆಯಿರಿ. ಎರಡೂ ಕಾಲು ಅಳೆಯಬೇಕು. ವ್ಯತ್ಯಾಸ ಇದ್ದರೆ ಗಿಡ್ಡ ಕಾಲಿನದ್ದೇ ಲೆಕ್ಕ. ಈ ಕಳೆಯುವ ಕೆಲಸ ಮರೆತರೆ ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ದೇಹ ತಾನಾಗಿಯೇ ಮುಂದೆ ಜಾರುತ್ತದೆ. ಸೊಂಟ ಹಿಂದಕ್ಕೆ ಮಗುಚಿ, ಭಾರವೆಲ್ಲ ಬಾಲಮೂಳೆಯ ಸುತ್ತಮುತ್ತ ಬೀಳುತ್ತದೆ. ಮೂಳೆ ಮುಂದಕ್ಕೆ ಜಾರಿದರೂ ಚರ್ಮ ಸೀಟಿಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ನಡುವಿನ ರಕ್ತನಾಳಗಳು ಎಳೆದು ಹಿಂಡಿದಂತಾಗುತ್ತವೆ. ಈ ಅಡ್ಡ ಎಳೆತ ಸೇರಿಕೊಂಡರೆ ಹುಣ್ಣಾಗಲು ಒತ್ತಡ ಅಷ್ಟು ಹೆಚ್ಚೂ ಬೇಕಿಲ್ಲ. ‘ಸರಿಯಾಗಿ ಕೂತ್ಕೊಳ್ಳಿ’ ಎಂದು ಮನೆಯವರು ದಿನಕ್ಕೆ ಇಪ್ಪತ್ತು ಸಲ ಗದರುತ್ತಿದ್ದರೆ, ಗದರಿಕೆ ಸಲ್ಲಬೇಕಾದದ್ದು ಸೀಟಿಗೆ.

ಮಂಡಿಯ ಮಡಿಕೆಯಿಂದ ಹಿಮ್ಮಡಿಯ ತಳದವರೆಗಿನ ಅಳತೆಯೇ ಕುಶನ್ನಿನ ಮೇಲ್ಮೈಯಿಂದ ಫುಟ್‌ರೆಸ್ಟ್‌ವರೆಗಿನ ಎತ್ತರ. ಮಾಮೂಲಾಗಿ ಹಾಕುವ ಚಪ್ಪಲಿ, ಬೂಟು ಹಾಕಿಸಿಯೇ ಅಳೆಯಿರಿ. ಹಳೆಯ ಕುರ್ಚಿಗೆ ಹೊಸ ಕುಶನ್ ತಂದಾಗ ಫುಟ್‌ರೆಸ್ಟ್ ಇಳಿಸುವುದನ್ನು ಬಹಳ ಮಂದಿ ಮರೆಯುತ್ತಾರೆ. ಕುಶನ್ ದೇಹವನ್ನು ಐದು ಸೆಂಟಿಮೀಟರ್ ಎತ್ತಿದರೆ ಪಾದ ನೇತಾಡುತ್ತದೆ, ತೊಡೆಯ ತುದಿ ಒತ್ತಿಸಿಕೊಳ್ಳುತ್ತದೆ, ಮತ್ತೆ ಅದೇ ಮುಂದೆ ಜಾರುವ ಕತೆ. ಫುಟ್‌ರೆಸ್ಟ್ ತೀರಾ ಎತ್ತರವಾದರೆ ತೊಡೆ ಸೀಟು ಬಿಟ್ಟು ಮೇಲೇಳುತ್ತದೆ, ಇಡೀ ಭಾರ ಕೂರುವ ಎರಡು ಮೂಳೆಗಳ ತುದಿಗೆ ಬೀಳುತ್ತದೆ. ಪಾರ್ಶ್ವವಾಯು ಆದವರು ಚೆನ್ನಾಗಿರುವ ಒಂದು ಕೈ, ಒಂದು ಕಾಲಿನಿಂದ ಕುರ್ಚಿ ನಡೆಸುವುದುಂಟು. ಅವರಿಗೆ ಫುಟ್‌ರೆಸ್ಟ್‌ಗಿಂತ ನೆಲವೇ ಮುಖ್ಯ. ಕುಶನ್ ಸಮೇತ ಸೀಟಿನ ಎತ್ತರ ಹಿಮ್ಮಡಿ ನೆಲಕ್ಕೆ ಊರುವಷ್ಟೇ ಇರಬೇಕು.

ಬೆನ್ನೊರಗು ಎಷ್ಟೆತ್ತರ ಎನ್ನುವುದು ವ್ಯಕ್ತಿಯ ಹಿಡಿತದ ಮೇಲೆ ನಿಂತಿದೆ. ಮೈಮೇಲೆ ಒಳ್ಳೆಯ ಹತೋಟಿ ಇದ್ದು ತಾವೇ ಗಾಲಿ ತಿರುಗಿಸುವವರಿಗೆ ಪಕ್ಕೆಲುಬಿನ ಕೆಳ ಅಂಚಿನವರೆಗೆ ಸಾಕು, ಇನ್ನಷ್ಟು ಆಸರೆ ಬೇಕಾದವರಿಗೆ ಹೆಗಲ ಹಲಗೆಯ ಕೆಳತುದಿಯವರೆಗೆ. ಅದಕ್ಕಿಂತ ಎತ್ತರವಾದರೆ ತೋಳು ಹಿಂದಕ್ಕೆ ಹೋಗಲು ಜಾಗವೇ ಇರುವುದಿಲ್ಲ.

ಇನ್ನು ಕುಶನ್. ನಾವು ಕೂತಾಗ ಭಾರ ಹೊರುವುದು ಪೃಷ್ಠದ ಕೆಳಗಿನ ಎರಡು ಮೂಳೆತುದಿಗಳು. ಗಟ್ಟಿ ಕುರ್ಚಿಯ ಮೇಲೆ ಅಂಗೈ ಇಟ್ಟು ಅದರ ಮೇಲೆ ಕೂತರೆ ಕೈಗೆ ತಗಲುವ ಗಂಟುಗಳೇ ಅವು. ಆರೋಗ್ಯವಂತರು ಅರಿವಿಲ್ಲದೆಯೇ ಕೆಲವು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುತ್ತಾರೆ. ಸ್ಪರ್ಶ ಇಲ್ಲದವರಿಗೆ ಆ ಸೂಚನೆ ಮಿದುಳಿಗೆ ಬರುವುದೇ ಇಲ್ಲ. ಕುಶನ್ ಮಾಡುವ ಕೆಲಸ ಈ ತುದಿಗಳ ಭಾರವನ್ನು ತೊಡೆಗಳಿಗೆ ಹಂಚುವುದು. ಬರೀ ಮೆತ್ತಗಿದ್ದರೆ ಅದು ಆಗದು. ಮೆತ್ತನೆಯ ಸ್ಪಂಜು ಪೂರ್ತಿ ಅಮುಕಿಹೋಗಿ ಮೂಳೆ ತಳಕ್ಕೇ ಮುಟ್ಟುತ್ತದೆ. ಒಳ್ಳೆಯ ಫೋಮ್ ಕುಶನ್ನಿನಲ್ಲಿ ಕೆಳಗೆ ಗಟ್ಟಿ ಪದರ, ಅದರಲ್ಲಿ ಕೂರುವ ಮೂಳೆಗಳ ಜಾಗಕ್ಕೆ ಸರಿಯಾಗಿ ಕೊರೆದ ಗುಳಿ, ಮೇಲೆ ಮೆದು ಪದರ ಇರುತ್ತದೆ.

ಕುಶನ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಯಂತ್ರವೇನೂ ಬೇಡ. ಏನು ಮಾಡಲಿದ್ದೀರಿ ಎಂದು ವ್ಯಕ್ತಿಗೆ ತಿಳಿಸಿ, ಒಪ್ಪಿಗೆ ಪಡೆಯಿರಿ. ಅವರು ಒಂದು ಬದಿಗೆ ವಾಲಲಿ. ನಿಮ್ಮ ಅಂಗೈ ಮೇಲ್ಮುಖವಾಗಿರುವಂತೆ ಬೆರಳ ತುದಿಗಳನ್ನು ಕೂರುವ ಮೂಳೆಯ ನೇರ ಕೆಳಗೆ, ಮೈಗೂ ಕುಶನ್ನಿಗೂ ನಡುವೆ ತೂರಿಸಿ. ಈಗ ಅವರು ತೊಡೆಯ ಮೇಲೆ ಕೈಯಿಟ್ಟು ನೆಟ್ಟಗೆ ಕೂರಲಿ. ಬೆರಳ ತುದಿಯನ್ನು ಐದು ಮಿಲಿಮೀಟರಿನಷ್ಟಾದರೂ ಮೇಲೆ ಕೆಳಗೆ ಆಡಿಸಲು ಆದರೆ ಕ್ಷೇಮ. ಆಡಿಸಲಾಗದು, ಆದರೆ ಸುಲಭವಾಗಿ ಹೊರಗೆಳೆಯಬಹುದು ಎಂದಾದರೆ ಎಚ್ಚರಿಕೆ. ಬೆರಳು ಬಿಗಿಯಾಗಿ ಸಿಕ್ಕಿಕೊಂಡು, ಎಳೆದು ತೆಗೆಯುವುದೇ ಕಷ್ಟವಾದರೆ ಆ ಕುಶನ್ ಅಪಾಯಕಾರಿ. ಗುಳಿ ಆಳ ಮಾಡಬೇಕು ಅಥವಾ ತೊಡೆಯ ಕೆಳಗಿನ ಭಾಗ ಎತ್ತರಿಸಬೇಕು, ಆಮೇಲೆ ಇನ್ನೊಮ್ಮೆ ಬೆರಳಿಟ್ಟು ನೋಡಬೇಕು. ಎರಡೂ ಬದಿ ನೋಡಿ, ಸೊಂಟ ವಾಲಿದ್ದರೆ ಒಂದು ಕಡೆ ಕ್ಷೇಮ, ಇನ್ನೊಂದು ಕಡೆ ಅಪಾಯ ಎಂಬುದೂ ಸಾಮಾನ್ಯ.

ಗಾಳಿ ತುಂಬುವ ಕುಶನ್ನಿಗೂ ಇದೇ ಬುದ್ಧಿ. ಗಾಳಿ ಹೆಚ್ಚಾದರೆ ಚೆಂಡಿನ ಮೇಲೆ ಕೂತಂತೆ, ಕಡಿಮೆಯಾದರೆ ಕುಶನ್ ಇಲ್ಲದಂತೆಯೇ. ಮೂಳೆಯ ತುದಿಗೂ ತಳಕ್ಕೂ ನಡುವೆ ಒಂದರಿಂದ ಎರಡೂವರೆ ಸೆಂಟಿಮೀಟರ್ ಗಾಳಿ ಉಳಿದಿರಬೇಕು. ನಿಧಾನ ಸೋರಿಕೆ ಕಣ್ಣಿಗೆ ಕಾಣದ ಕಾರಣ ಇದನ್ನು ದಿನವೂ ಕೈಯಿಟ್ಟು ನೋಡುವುದು ರೂಢಿ. ಜೆಲ್ ಇರುವವುಗಳಲ್ಲಿ ಜೆಲ್ ಬದಿಗೆ ಸರಿಯುತ್ತದೆ, ಹಿಟ್ಟು ನಾದಿದಂತೆ ಮತ್ತೆ ನಡುವಿಗೆ ತರಬೇಕು. ಮಧ್ಯೆ ತೂತಿರುವ ಬಳೆಯಾಕಾರದ ದಿಂಬನ್ನಂತೂ ಮನೆಯಿಂದ ಹೊರಗಿಡುವುದೇ ಒಳ್ಳೆಯದು. ಅದರ ಅಂಚು ಸುತ್ತಲಿನ ರಕ್ತನಾಳ ಒತ್ತಿ ನಡುವಿನ ಭಾಗಕ್ಕೆ ರಕ್ತವೇ ಸಾಲದಂತೆ ಮಾಡುತ್ತದೆ.

ಹುಣ್ಣಿನ ಬಗ್ಗೆ ಓದುವಾಗ ‘32 ಮಿಲಿಮೀಟರ್ ಪಾದರಸ’ ಎಂಬ ಒತ್ತಡದ ಅಂಕಿ (ರಕ್ತದೊತ್ತಡ ಅಳೆಯುವ ಮಾನವೇ ಇದು) ಮತ್ತೆ ಮತ್ತೆ ಸಿಗುತ್ತದೆ. ಅದಕ್ಕಿಂತ ಹೆಚ್ಚು ಒತ್ತಿದರೆ ಲೋಮನಾಳ, ಅಂದರೆ ಕೂದಲೆಳೆಯಂಥ ಅತಿ ಸಣ್ಣ ರಕ್ತನಾಳ, ಮುಚ್ಚಿಹೋಗುತ್ತದೆ ಎಂಬಂತೆ. ಆ ಅಂಕಿಯ ಮೂಲ 1930ರಲ್ಲಿ ಯೂಜೀನ್ ಲ್ಯಾಂಡಿಸ್ ಬೆರಳಿನ ಉಗುರಿನ ಬುಡದಲ್ಲಿ ತೆಗೆದ ಅಳತೆ. ಅದನ್ನು ಪೃಷ್ಠಕ್ಕೆ ಹೊಂದಿಸಿ ‘ಇಷ್ಟರೊಳಗಿದ್ದರೆ ಕ್ಷೇಮ’ ಎಂದು ಕುಶನ್ ಮಾರುವುದು ಸರಿಯಲ್ಲ. ಕೂತಾಗ ಮೂಳೆಯ ಕೆಳಗಿನ ಒತ್ತಡ ನೂರನ್ನೂ ಮೀರಬಲ್ಲದು. ಎಷ್ಟು ಒತ್ತಡ ಎನ್ನುವಷ್ಟೇ ಎಷ್ಟು ಹೊತ್ತು ಎನ್ನುವುದೂ ಮುಖ್ಯ.

ಆದ್ದರಿಂದಲೇ ಭಾರ ಇಳಿಸುವ ಅಭ್ಯಾಸ. ಕೈಯೂರಿ ಮೈಯನ್ನು ಕೆಲವು ಸೆಕೆಂಡು ಮೇಲೆತ್ತುವುದನ್ನು ಹಿಂದೆ ಎಲ್ಲರಿಗೂ ಕಲಿಸುತ್ತಿದ್ದರು. ಅಂಗಾಂಶದಲ್ಲಿ ಆಮ್ಲಜನಕ ಮೊದಲಿನ ಮಟ್ಟಕ್ಕೆ ಬರಲು ಎರಡು ನಿಮಿಷದ ಹತ್ತಿರ ಹತ್ತಿರ ಬೇಕಾಗುತ್ತದೆ ಎಂದು ಅಳತೆಗಳಿಂದ ತಿಳಿದ ಮೇಲೆ ಆ ಪಾಠದ ತೂಕ ಇಳಿದಿದೆ. ಅಷ್ಟು ಹೊತ್ತು ಕೈಮೇಲೆ ನಿಲ್ಲುವುದು ಆಗದ ಮಾತು, ಭುಜವೂ ಕೆಡುತ್ತದೆ. ಎದೆಯನ್ನು ತೊಡೆಯತ್ತ ಬಾಗಿಸಿ ಮುಂದಕ್ಕೆ ಒರಗುವುದು, ಮೇಜಿನ ಮೇಲೆ ಮೊಣಕೈ ಊರುವುದು, ಒಂದೊಂದು ಬದಿಗೆ ಪೂರ್ತಿ ವಾಲುವುದು ಇವು ಮೇಲು. ದಿನಕ್ಕೆರಡು ಬಾರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು. ಬೆರಳಿನಿಂದ ಒತ್ತಿದಾಗ ಬಿಳಿಚದ ಕೆಂಪು ಮೊದಲ ಸೂಚನೆ ಎಂದು ಪುಸ್ತಕಗಳಲ್ಲಿರುತ್ತದೆ. ಕಪ್ಪು, ಗೋಧಿ ಮೈಬಣ್ಣದಲ್ಲಿ ಕೆಂಪು ಕಾಣದೇ ಹೋಗಬಹುದು. ಸುತ್ತಲಿಗಿಂತ ಕಡುಬಣ್ಣ, ಬಿಸಿ, ಗಡುಸು, ಊತ ಇವನ್ನು ಮುಟ್ಟಿಯೇ ಕಂಡುಕೊಳ್ಳಬೇಕು. ಕಂಡರೆ ಗುರುತು ಪೂರ್ತಿ ಮಾಯವಾಗುವವರೆಗೆ ಆ ಭಾಗದ ಮೇಲೆ ಕೂರುವಂತಿಲ್ಲ, ಉಜ್ಜುವಂತೆಯೂ ಇಲ್ಲ.

ತಾವೇ ಕುರ್ಚಿ ನಡೆಸುವವರ ಭುಜ ಉಳಿಯುವುದು ಹಿಂಗಾಲಿಯ ಅಚ್ಚು ಎಲ್ಲಿದೆ ಎನ್ನುವುದರ ಮೇಲೆ. ತೋಳನ್ನು ಸಡಿಲವಾಗಿ ಇಳಿಬಿಟ್ಟರೆ ನಡುಬೆರಳಿನ ತುದಿ ಅಚ್ಚಿನ ಹತ್ತಿರ ಬರಬೇಕು. ಗಾಲಿಯ ನೆತ್ತಿಯ ಮೇಲೆ ಕೈಯಿಟ್ಟಾಗ ಮೊಣಕೈಯಲ್ಲಿ ಮೇಲ್ತೋಳಿಗೂ ಮುಂಗೈಗೂ ನಡುವಿನ ಕೋನ 100ರಿಂದ 120 ಡಿಗ್ರಿ ಇರಬೇಕು. ಅಚ್ಚು ಮುಂದೆ ಬಂದಷ್ಟೂ ಭಾರ ಹಿಂಗಾಲಿಗೆ ಸರಿದು ಕುರ್ಚಿ ಹಗುರವಾಗಿ ಉರುಳುತ್ತದೆ. ಹಿಂದಕ್ಕೆ ಮಗುಚುವ ಭಯವೂ ಅಷ್ಟೇ ಏರುತ್ತದೆ. ಎರಡೂ ಕಾಲು ಕಳೆದುಕೊಂಡವರಿಗೆ ಮುಂದಿನ ಭಾರವೇ ಇಲ್ಲದ ಕಾರಣ ಮಾಮೂಲಿ ಕುರ್ಚಿ ಸಣ್ಣ ಏರಿನಲ್ಲೂ ಹಿಂದಕ್ಕೆ ಮಗುಚಬಹುದು, ಅವರಿಗೆ ಅಚ್ಚನ್ನು ಹಿಂದೆ ಸರಿಸಲೇಬೇಕು. ಇಳಿಜಾರಿಗೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಹನ್ನೆರಡು ಸೆಂಟಿಮೀಟರ್ ಉದ್ದ ಎಂಬುದು ಬಹಳ ಕಡೆ ಒಪ್ಪಿದ ಲೆಕ್ಕ, ಅಂದರೆ 15 ಸೆಂಟಿಮೀಟರ್ ಮೆಟ್ಟಿಲಿಗೆ 180 ಸೆಂಟಿಮೀಟರ್. ಬಾಗಿಲ ಮುಂದೆ ಒಂದು ಹಲಗೆ ಒರಗಿಸಿ ‘ರ‍್ಯಾಂಪ್ ಮಾಡಿದ್ದೇವೆ’ ಎನ್ನುವವರು ಇದನ್ನೊಮ್ಮೆ ಅಳೆದು ನೋಡಬೇಕು.

ನಿರ್ವಹಣೆಯಲ್ಲಿ ತಪ್ಪಿಹೋಗುವುದು ಟಯರಿನ ಗಾಳಿ. ಬಹುತೇಕ ಕುರ್ಚಿಗಳ ಬ್ರೇಕ್ ಕೆಲಸ ಮಾಡುವುದು ಟಯರನ್ನು ಒತ್ತಿ ಹಿಡಿಯುವ ಮೂಲಕ. ಗಾಳಿ ಇಳಿದರೆ ತಳ್ಳುವುದು ಕಷ್ಟವಾಗುವುದಷ್ಟೇ ಅಲ್ಲ, ಹಾಸಿಗೆಗೆ ದಾಟುವ ಹೊತ್ತಿಗೆ ಬ್ರೇಕ್ ಹಾಕಿದ ಕುರ್ಚಿಯೇ ಸರಿದುಬಿಡುತ್ತದೆ. ಮುಂದಿನ ಚಿಕ್ಕ ಗಾಲಿಗಳ ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡು ಬಿಗಿಯಾಗುತ್ತವೆ, ಕತ್ತರಿಸಿ ತೆಗೆದರಾಯಿತು. ಫೋಮ್ ಮಾತ್ರ ಸದ್ದಿಲ್ಲದೆ ಸಾಯುತ್ತದೆ, ನೋಡಲು ಹೊಸದರಂತೆಯೇ ಇರುತ್ತದೆ. ಕುಶನ್ ತಂದ ದಿನವೇ ಕವರ್ ಬಿಚ್ಚಿ ಅದರ ತಳಕ್ಕೆ ಪೆನ್ನಿನಲ್ಲಿ ತಾರೀಖು ಬರೆದು, ‘ಮುಂದೆ’ ಎಂದು ಒಂದು ಬಾಣದ ಗುರುತೂ ಹಾಕಿಡಿ. ಒಗೆದ ಕವರ್ ಹಾಕುವ ಅವಸರದಲ್ಲಿ ಕುಶನ್ ಹಿಂದುಮುಂದಾದರೆ ಗುಳಿ ತೊಡೆಯ ಕೆಳಗೆ, ಗಟ್ಟಿ ಭಾಗ ಮೂಳೆಯ ಕೆಳಗೆ ಬಂದಿರುತ್ತದೆ.