ಅರ್ನಾಲ್ಡ್ ಮುಖದ ಮೇಲಿನ ರವೆ

ಮೊನ್ನೆ ಶನಿವಾರ ರಾತ್ರಿ ಮನೇಲಿ ಎಲ್ಲರೂ ಮಲಗಿದ್ಮೇಲೆ ಟರ್ಮಿನೇಟರ್ 2 ಹಾಕ್ಕೊಂಡು ಕೂತೆ, ಅರ್ನಾಲ್ಡ್ ಶ್ವಾರ್ಟ್ಸ್‌ನೆಗರ್ ರೋಬೋ ಆಗಿರೋ ಇಂಗ್ಲಿಷ್ ಸಿನಿಮಾ. 4ಕೆ ಡಿಸ್ಕು, ಅಕ್ಕನ ಮಗ ಅಮೆರಿಕದಿಂದ ಬರ್ತಾ ತಂದ್ಕೊಟ್ಟಿದ್ದು, ಡಿವಿಡಿ ತರ ಈ ದೇಶದ್ದು ಆ ದೇಶದ್ದು ಅನ್ನೋ ಬೀಗ 4ಕೆ ಡಿಸ್ಕಿಗೆ ಇಲ್ಲ, ಎಲ್ಲಿ ತಗೊಂಡ್ರೂ ಇಲ್ಲಿ ಓಡತ್ತೆ. ಶುರುವಲ್ಲೇ ಅರ್ನಾಲ್ಡ್ ಬೈಕರ್‌ಗಳ ಬಾರಿಂದ ಲೆದರ್ ಜಾಕೆಟ್ ಹಾಕ್ಕೊಂಡು ಹೊರಗೆ ಬರ್ತಾನಲ್ಲ, ಅವನ ಮುಖ ಹತ್ರದಿಂದ ಬಂದಾಗ ಏನೋ ಸರಿ ಇಲ್ಲ ಅನ್ನಿಸ್ತು, ಪಾಸ್ ಮಾಡಿ ಎದ್ದು ಹೋಗಿ ಟಿವಿ ಮುಂದೆ ನಿಂತೆ. ಕೆನ್ನೆ ಮೇಲೆ ಚರ್ಮದ ತೂತುಗಳೇ ಇಲ್ಲ, ಗಡ್ಡ ಕೆರೆದ ಜಾಗದ ನೆರಳಿಲ್ಲ, ಹುಬ್ಬಿನ ಕೂದಲು ಒಂದಕ್ಕೊಂದು ಅಂಟ್ಕೊಂಡು ಬ್ರಷ್ಷಲ್ಲಿ ಒಂದೇ ಸಲ ಎಳೆದ ಗೆರೆ ತರ ಕಾಣ್ತಿದೆ. ಮೇಣದ ಗೊಂಬೆ. ನಂಗೆ ನಿಜವಾಗ್ಲೂ ಬೇಜಾರಾಯ್ತು, ಸೈನ್ಸ್ ಓದೋ ಹುಚ್ಚು ಹತ್ತಿಸಿದ ಸಿನಿಮಾ ಇದು.

ಮೊದಲನೇ ಸಲ ನೋಡಿದ್ದು ದಾವಣಗೆರೇಲಿ, ಬಾಡಿಗೆ ವಿಸಿಆರಲ್ಲಿ. ಅಮೆರಿಕದಲ್ಲಿ 1991ರ ಜುಲೈ 3ಕ್ಕೆ ರಿಲೀಸಾದ ಸಿನಿಮಾ ನಮ್ಮ ಬೀದಿಗೆ ಕ್ಯಾಸೆಟ್ಟಾಗಿ ಬರೋ ಹೊತ್ತಿಗೆ ಎಷ್ಟೋ ಕಾಲ ಆಗಿತ್ತು, ಒಂದು ರಾತ್ರಿ ಬಾಡಿಗೆಗೆ ಮೂರು ಕ್ಯಾಸೆಟ್, ನಡುಮನೆ ತುಂಬಾ ಚಾಪೆ, ಪಕ್ಕದ ಮನೆಯವರೆಲ್ಲ ನಮ್ಮನೇಲೆ. ಆ ವಿಎಚ್‌ಎಸ್ ಕ್ಯಾಸೆಟ್ ಚಿತ್ರದಲ್ಲಿ ಅಡ್ಡಡ್ಡ ಬರೀ 240 ಗೆರೆಯಷ್ಟು ವಿವರ ಇರ್ತಿತ್ತು, ಈಗಿನ 4ಕೆ ಟಿವೀಲಿ 3840 ಚುಕ್ಕಿ. ಅಷ್ಟೇ ಅಲ್ಲ, ಆವಾಗ ನಾವು ಕೇಳಿದ್ದು ಅರ್ನಾಲ್ಡ್‌ನ ಅಸಲಿ ದನಿ ಕೂಡ ಆಗಿರಲಿಲ್ಲ! ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್, ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಅದು 25 ಫ್ರೇಮ್, ಹಾಗಾಗಿ ಸಿನಿಮಾನ ಸುಮ್ಮನೆ ನೂರಕ್ಕೆ ನಾಲ್ಕರಷ್ಟು ಜೋರಾಗಿ ಓಡಿಸಿ ಕ್ಯಾಸೆಟ್ ಮಾಡ್ತಿದ್ರು. 137 ನಿಮಿಷದ ಸಿನಿಮಾ ಐದೂವರೆ ನಿಮಿಷ ಮೊದಲೇ ಮುಗಿದುಹೋಗ್ತಿತ್ತು, ಶ್ರುತಿ ಕೂಡ ಏರ್ತಿತ್ತು, ಸಂಗೀತ ಗೊತ್ತಿರೋರಿಗೆ ಹೇಳೋದಾದ್ರೆ ಷಡ್ಜದಿಂದ ಶುದ್ಧ ರಿಷಭಕ್ಕೆ ಹೋಗೋ ದಾರೀಲಿ ಹತ್ತತ್ರ ಮುಕ್ಕಾಲು ಭಾಗ. ಮೊನ್ನೆ ಡಿಸ್ಕಲ್ಲಿ ಅವನು ಬಾಯಿ ತೆಗೆದಾಗ ದನಿ ಇನ್ನೂ ಗಡುಸಾಗಿ ಕೇಳಿಸ್ತು, ಅದೊಂದು ಖುಷಿ ಆಯ್ತು.

ಸರಿ, ಆ ಮೇಣದ ಮುಖ ಯಾಕೆ ಹಾಗಾಯ್ತು? ಇದಕ್ಕೆ ಫಿಲ್ಮ್ ಅಂದ್ರೇನು ಅಂತ ಸ್ವಲ್ಪ ನೋಡ್ಬೇಕು. ಫಿಲ್ಮ್ ರೀಲಿನ ಮೇಲೆ ಜೆಲಟಿನ್ ಪದರ, ಅದರೊಳಗೆ ಬೆಳ್ಳಿಯ ಲವಣದ ಹರಳುಗಳು, ಒಂದೊಂದೂ ಹೆಚ್ಚುಕಡಿಮೆ ಒಂದು ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇವು ಟೈಲ್ಸ್ ಹಾಕಿದ ಹಾಗೆ ಸಾಲಾಗಿ ಇರಲ್ಲ, ಬಾಣಲೇಲಿ ರವೆ ಉದುರಿಸಿದ ಹಾಗೆ ಮನಸ್ಸಿಗೆ ಬಂದಂಗೆ ಬಿದ್ದಿರ್ತವೆ. ಬೆಳಕು ತಾಗಿದ ಹರಳು ಡೆವಲಪರ್ ದ್ರಾವಣದಲ್ಲಿ ಬೆಳ್ಳಿ ಆಗತ್ತೆ, ಕಲರ್ ಫಿಲ್ಮಲ್ಲಿ ಆ ಹೊತ್ತಿಗೇ ಅದರ ಸುತ್ತ ಬಣ್ಣ ಹುಟ್ಟತ್ತೆ, ಆಮೇಲೆ ಬೆಳ್ಳಿನೆಲ್ಲ ತೊಳೆದು ತೆಗೆದುಬಿಡ್ತಾರೆ. ಉಳಿಯೋದು ಬೆಳ್ಳಿ ಕೂತಿದ್ದ ಜಾಗದಲ್ಲಿ ಒಂದು ಪುಟ್ಟ ಬಣ್ಣದ ಮೋಡ. ತೆರೆ ಮೇಲೆ ಸಣ್ಣಗೆ ಕುದಿಯೋ ಹಾಗೆ ಕಾಣೋ ಗ್ರೇನ್ ಅಂತೀವಲ್ಲ, ನಾನು ರವೆ ಅಂತೀನಿ, ಅದು ಈ ಮೋಡಗಳ ಗುಂಪು. ಮುಖ್ಯ ವಿಷ್ಯ ಏನಂದ್ರೆ ಚಿತ್ರದ ಮೇಲೆ ಬಿದ್ದ ಧೂಳು ಅಂತ ಇದನ್ನ ತಿಳ್ಕೋಬಾರದು, ಅರ್ನಾಲ್ಡ್‌ನ ಕೆನ್ನೆ ಮಾಡಿರೋದೇ ಈ ರವೇಲಿ, ರವೆ ತೆಗೆದ್ರೆ ಉಪ್ಪಿಟ್ಟಲ್ಲಿ ಏನುಳಿಯತ್ತೆ ಹೇಳಿ. ಈ ಸಿನಿಮಾನ ಸೂಪರ್ 35 ಅನ್ನೋ ಪದ್ಧತೀಲಿ ತೆಗೆದಿದ್ರು, ನೆಗೆಟಿವ್ ಅಗಲ ಸುಮಾರು 24 ಮಿಲಿಮೀಟರ್, ಅದನ್ನ 12 ಮೀಟರ್ ತೆರೆಗೆ ಹಾಕಿದ್ರೆ 500 ಪಟ್ಟು ಹಿಗ್ಗಿದ ಹಾಗೆ, ಅದೂ ಅಗಲ ತೆರೆಗೋಸ್ಕರ ನೆಗೆಟಿವ್‌ನ ಮೇಲೆ ಕೆಳಗೆ ಕತ್ತರಿಸಿ ದೊಡ್ಡದು ಮಾಡ್ತಿದ್ರು, ಹಾಗಾಗಿ ಇದರ ರವೆ ಸ್ವಲ್ಪ ದಪ್ಪನೇ.

2017ರಲ್ಲಿ ಈ ಸಿನಿಮಾನ 3ಡಿಗೆ ಬದಲಾಯಿಸಿ ಮತ್ತೆ ಥಿಯೇಟರಿಗೆ ಬಿಟ್ರು, 4ಕೆ ಡಿಸ್ಕೂ ಅದೇ ಕೆಲಸದಿಂದ ಬಂದಿದ್ದು. 3ಡಿಗೆ ರವೆ ಅಂದ್ರೆ ತಲೆನೋವು, ಯಾಕಂದ್ರೆ ಎಡಗಣ್ಣಿನ ಚಿತ್ರಕ್ಕೂ ಬಲಗಣ್ಣಿನ ಚಿತ್ರಕ್ಕೂ ರವೆ ಹೊಂದಲಿಲ್ಲ ಅಂದ್ರೆ ಗಾಳೀಲಿ ಏನೋ ಪರದೆ ತೇಲಿದ ಹಾಗೆ ಕಾಣತ್ತೆ, ಹಾಗಾಗಿ ಒರೆಸೋಕೆ ಒಂದು ಕಾರಣ ಸಿಗತ್ತೆ. ಒರೆಸೋ ಸಾಫ್ಟ್‌ವೇರ್ ಕೆಲಸ ಮಾಡೋ ರೀತಿ ಸರಳ: ಒಂದರ ಹಿಂದೊಂದು ಫ್ರೇಮ್ ಹೋಲಿಸಿ ನೋಡತ್ತೆ, ಎಲ್ಲ ಫ್ರೇಮಲ್ಲೂ ಇದ್ದಲ್ಲೇ ಇರೋದು ಚಿತ್ರ, ಪ್ರತೀ ಫ್ರೇಮಿಗೂ ಜಾಗ ಬದಲಾಯಿಸೋದು ರವೆ, ಸರಾಸರಿ ತೆಗೆದ್ರೆ ರವೆ ಕರಗಿ ಹೋಗತ್ತೆ. ಆದ್ರೆ ಓಡ್ತಾ ಇರೋ ಮನುಷ್ಯನ ತಲೆಕೂದಲು ಪ್ರತೀ ಫ್ರೇಮಿಗೂ ಜಾಗ ಬದಲಾಯಿಸತ್ತಲ್ವಾ? ಬಟ್ಟೆಯ ನೇಯ್ಗೆ, ಕಣ್ಣಿನ ಪಕ್ಕದ ಸಣ್ಣ ಸುಕ್ಕು? ಜಾಸ್ತಿ ಒರೆಸಿದಷ್ಟೂ ಅವೂ ರವೆ ಲೆಕ್ಕಕ್ಕೇ ಸೇರಿ ಹೋಗ್ತವೆ. ಇನ್ನೊಂದು ಮಾತು, ರವೆ ಇದ್ದಾಗ ನಮಗೆ ಜಾಸ್ತಿನೇ ಕಾಣತ್ತೆ, ಒಂದು ಫ್ರೇಮಲ್ಲಿ ಹರಳು ಬೀಳದೆ ತಪ್ಪಿದ ವಿವರ ಮುಂದಿನ ಫ್ರೇಮಲ್ಲಿ ಸಿಕ್ಕಿರತ್ತೆ, ಸೆಕೆಂಡಿಗೆ 24 ಸಲ ಬದಲಾಗೋ ರವೇನ ನಮ್ಮ ಮೆದುಳು ತಾನೇ ಕೂಡಿಸ್ಕೊಂಡು ಒಂದು ಮುಖ ಕಟ್ಟತ್ತೆ. ಅದಕ್ಕೇ ಸಿನಿಮಾನ ಪಾಸ್ ಮಾಡಿದ ತಕ್ಷಣ ಚಿತ್ರ ಒರಟಾಗಿ ಕಾಣೋದು.

ಇನ್ನು ಟಿ-1000, ಈ ಸಿನಿಮಾದ ವಿಲನ್ ರೋಬೋ. ದ್ರವಲೋಹದ ಪೊಲೀಸು, ಪಾತ್ರ ಮಾಡಿದ್ದು ರಾಬರ್ಟ್ ಪ್ಯಾಟ್ರಿಕ್. ಎಲ್ಲರೂ ಇದು ಕಂಪ್ಯೂಟರ್ ಗ್ರಾಫಿಕ್ಸ್ ಸಿನಿಮಾ ಅಂತಾರೆ, ಆದ್ರೆ ಎರಡೂಕಾಲು ಗಂಟೆ ಸಿನಿಮಾದಲ್ಲಿ ಕಂಪ್ಯೂಟರಲ್ಲಿ ಹುಟ್ಟಿದ್ದು ಹೆಚ್ಚುಕಡಿಮೆ 5 ನಿಮಿಷ. ಐಎಲ್‌ಎಂ ಅನ್ನೋ ಎಫೆಕ್ಟ್ಸ್ ಕಂಪನಿಯವರು, ಡೆನಿಸ್ ಮ್ಯೂರೆನ್ ಮುಂದಾಳತ್ವದಲ್ಲಿ, ಪ್ಯಾಟ್ರಿಕ್ ಮೈಮೇಲೆ ಚೌಕಚೌಕ ಗೆರೆ ಬರೆದು ಓಡಿಸಿ ಶೂಟ್ ಮಾಡಿ ಆ ನಡಿಗೇನ ಕಂಪ್ಯೂಟರಿಗೆ ಇಳಿಸಿದ್ರು. ಗುಂಡು ಬಿದ್ದಾಗ ಎದೆ ಮೇಲೆ ಬೆಳ್ಳಿ ಹೂವು ಅರಳತ್ತಲ್ಲ, ಅದು ಸಿನಿಮಾಗೆ ಗೊಂಬೆ ಮಾಡೋ ಸ್ಟಾನ್ ವಿನ್‌ಸ್ಟನ್ ತಂಡ ಕೈಯಾರೆ ಮಾಡಿದ್ದು, ಶರ್ಟ್ ಒಳಗೆ ಮಡಚಿಟ್ಟು ಫಟ್ ಅಂತ ತೆರೆಯೋ ಹಾಗೆ. ಆಸ್ಪತ್ರೆಯಲ್ಲಿ ಗಾರ್ಡ್ ಎದುರು ಇನ್ನೊಬ್ಬ ಅದೇ ಗಾರ್ಡ್ ಬಂದು ನಿಲ್ಲೋದಕ್ಕೆ ಡಾನ್ ಮತ್ತು ಡ್ಯಾನ್ ಸ್ಟಾಂಟನ್ ಅನ್ನೋ ಅವಳಿ ಅಣ್ಣತಮ್ಮಂದಿರನ್ನೇ ಕರೆಸಿದ್ರು, ನಾಯಕಿ ಲಿಂಡಾ ಹ್ಯಾಮಿಲ್ಟನ್ ಎರಡೆರಡು ಕಾಣೋ ಕಡೆ ಅವಳ ಅವಳಿ ಸಹೋದರಿ ಲೆಸ್ಲೀ ಬಂದಿದ್ಲು. ನಂಗೆ ಎಲ್ಲಕ್ಕಿಂತ ಇಷ್ಟ ಕಂಬಿ ದಾಟೋ ಸೀನು, ಮುಖ ಎದೆ ಎಲ್ಲ ಕಂಬಿಯೊಳಗಿಂದ ಹರಿದು ಈ ಕಡೆ ಬರತ್ತೆ, ಕೈಯಲ್ಲಿರೋ ಪಿಸ್ತೂಲು ಮಾತ್ರ ಟಣ್ ಅಂತ ಸಿಕ್ಕಾಕ್ಕೊಳತ್ತೆ, ಅವನು ಅದನ್ನ ತಿರುಗಿಸಿ ಎಳ್ಕೊತಾನೆ. ಆ ಒಂದು ಟಣ್ ಇಲ್ಲದಿದ್ರೆ ನಾವು ನಂಬ್ತಾನೇ ಇರಲಿಲ್ಲ. ಅವನು ಕಂಬಿಯೊಳಗಿಂದ ಜಾರುವಾಗ ಕೇಳೋ ಲೊಳಕ್ ಸದ್ದು ಗ್ಯಾರಿ ರೈಡ್‌ಸ್ಟ್ರಾಮ್ ರೆಕಾರ್ಡ್ ಮಾಡಿದ್ದು, ಡಬ್ಬದಿಂದ ನಾಯಿ ಊಟ ಜಾರಿ ಬೀಳೋ ಸದ್ದು ಅದು.

ಈಗ ರವೆಗೆ ವಾಪಸ್ ಬರ್ತೀನಿ, ಯಾಕಂದ್ರೆ ನನ್ನ ಅಸಲಿ ತಕರಾರು ಇಲ್ಲೇ ಇರೋದು. ಕಂಪ್ಯೂಟರ್ ಬಿಡಿಸಿದ ಲೋಹದಲ್ಲಿ ಹುಟ್ಟಾ ರವೆ ಇರಲ್ಲ, ಕನ್ನಡಿ ತರ ಶುದ್ಧ. ಅದನ್ನ 1991ರಲ್ಲಿ ನಿಜವಾದ ಶಾಟ್ ಜೊತೆ ಬೆರೆಸಿ ಮತ್ತೆ ಫಿಲ್ಮ್ ಮೇಲೇ ಮುದ್ರಿಸ್ತಿದ್ರು, ಹಾಗಾಗಿ ಗೊಂಬೆ, ಅವಳಿ, ನಟ, ಕಂಪ್ಯೂಟರ್ ಲೋಹ ಎಲ್ಲಾದರ ಮೇಲೂ ಒಂದೇ ಜಾತಿ ರವೆ ಕೂರ್ತಿತ್ತು, ಎಲ್ಲವೂ ಒಂದೇ ಲೋಕದ್ದು ಅನ್ನಿಸ್ತಿತ್ತು. ರವೆ ಇಲ್ಲಿ ಅಂಟು. ಅದನ್ನ ಒರೆಸಿದಾಗ ಕೆಡೋದು ಮುಖ ಒಂದೇ ಅಲ್ಲ, ಎಲ್ಲಿ ಗೊಂಬೆ ಮುಗಿದು ಎಲ್ಲಿ ಕಂಪ್ಯೂಟರ್ ಶುರುವಾಯ್ತು ಅನ್ನೋ ಹೊಲಿಗೆ ಎದ್ದು ಕಾಣತ್ತೆ. ಅಷ್ಟು ಜನ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟ ಹೊಲಿಗೆ ಅದು.

ಆ ಲೋಹದ ಬಗ್ಗೆ ಚಿಕ್ಕೋನಿದ್ದಾಗಿಂದ ತಲೇಲಿ ಕೊರೀತಿದ್ದ ಪ್ರಶ್ನೆ ಒಂದಿದೆ, ಮೊನ್ನೆ ಕೂತು ಲೆಕ್ಕ ಹಾಕಿದೆ. ಟಿ-1000 ಗ್ಯಾಲಿಯಂ ಅಂತ ಇಟ್ಕೊಳಿ, 30 ಡಿಗ್ರಿಗೆ ಇನ್ನೇನು ಕಾಲು ಡಿಗ್ರಿ ಬಾಕಿ ಇದ್ದಾಗಲೇ ಕರಗೋ ಲೋಹ, ಅಂಗೈ ಮೇಲಿಟ್ರೆ ಸಾಕು. ಪ್ಯಾಟ್ರಿಕ್ ತರದ ಆಳಿನ ಗಾತ್ರ ಸುಮಾರು 75 ಲೀಟರ್, ಗ್ಯಾಲಿಯಂ ನೀರಿಗಿಂತ ಆರು ಪಟ್ಟಿಗೆ ಹತ್ತಿರದಷ್ಟು ಭಾರ, ಅಂದ್ರೆ ಅವನ ತೂಕ 440 ಕೆಜಿ! ಬೈಕ್ ಹತ್ತಿದ್ರೆ ಶಾಕ್ ಅಬ್ಸಾರ್ಬರ್ ಕಥೆ ಮುಗೀತು. ಕೊನೇಲಿ ಅವನ ಮೇಲೆ ಟ್ಯಾಂಕರಿನ ದ್ರವ ನೈಟ್ರೋಜನ್ ಸುರಿಯತ್ತೆ, ಅದು ಮೈನಸ್ 196 ಡಿಗ್ರೀಲಿ ಕುದಿಯೋದು. 440 ಕೆಜಿ ಗ್ಯಾಲಿಯಂ ಹೆಪ್ಪುಗಟ್ಟಿ ಮೈನಸ್ 150ಕ್ಕೆ ಇಳೀಬೇಕಾದ್ರೆ ಸುಮಾರು 65 ಸಾವಿರ ಕಿಲೋಜೂಲ್ ಶಾಖ ಹೊರಗೆ ಹೋಗ್ಬೇಕು, ಒಂದು ಕೆಜಿ ನೈಟ್ರೋಜನ್ ಆವಿಯಾಗ್ತಾ 200 ಕಿಲೋಜೂಲ್ ಹೀರ್ಕೊಳತ್ತೆ, ಅಲ್ಲಿಗೆ 325 ಕೆಜಿ, ಸುಮಾರು 400 ಲೀಟರ್ ಸಾಕು. ಒಂದು ಟ್ಯಾಂಕರಲ್ಲಿ ಸಾವಿರಾರು ಲೀಟರ್ ಇರತ್ತೆ, ಹಾಗಾಗಿ ನೈಟ್ರೋಜನ್ ಸಾಲಲ್ಲ ಅನ್ನೋ ಮಾತಿಲ್ಲ. ತಾಪತ್ರಯ ಇರೋದು ಟೈಮಲ್ಲಿ. ಕಾದ ದೋಸೆ ಹಂಚಿಗೆ ನೀರು ಚಿಮುಕಿಸಿದ್ರೆ ಹನಿಗಳು ತಕ್ಷಣ ಆರದೆ ತಮ್ಮದೇ ಆವಿ ಮೇಲೆ ಕುಣೀತವಲ್ಲ, ದ್ರವ ನೈಟ್ರೋಜನ್ನಿಗೆ ನಮ್ಮ ಮೈ ಬಿಸಿ ಅಂದ್ರೂ ಕಾದ ಹಂಚೇ, ಸುತ್ತ ಒಂದು ಅನಿಲದ ಕಂಬಳಿ ಎದ್ದು ಶಾಖ ಹೊರಗೆ ಬರೋದು ನಿಧಾನ ಆಗತ್ತೆ, ನಾಲ್ಕು ಹೆಜ್ಜೆ ಇಡೋಷ್ಟರಲ್ಲಿ ಒಳಗಿನ ತನಕ ಗಟ್ಟಿಯಾಗೋದು ಕಷ್ಟ. ಆಮೇಲೆ ಅವನು ಚೂರುಚೂರಾಗಿ, ಹನಿಯಾಗಿ, ಹನಿಗಳು ಹುಡುಕ್ಕೊಂಡು ಬಂದು ಸೇರೋದು, ಅದರಲ್ಲಿ ಅರ್ಧ ನಿಜ. ಶಾಲೆ ಲ್ಯಾಬಲ್ಲಿ ಥರ್ಮಾಮೀಟರ್ ಒಡೆದಾಗ ಪಾದರಸದ ಗುಂಡುಗಳು ಒಂದನ್ನೊಂದು ಮುಟ್ಟಿದ ತಕ್ಷಣ ನುಂಗ್ಕೊಳೋದು ನೋಡಿದ್ದೆ. ದ್ರವಲೋಹದ ಮೇಲ್ಮೈ ಸೆಳೆತ ಅಷ್ಟು ಜೋರು, ಗ್ಯಾಲಿಯಮ್ಮಿಂದು ನೀರಿನ ಹತ್ತು ಪಟ್ಟಿಗೆ ಹತ್ತಿರ. ಆದ್ರೆ ಈ ಸೆಳೆತ ಗೆಲ್ಲೋದು ಕೆಲವೇ ಮಿಲಿಮೀಟರ್ ಹನೀಲಿ, ಅದಕ್ಕಿಂತ ದೊಡ್ಡದಾದ್ರೆ ಭೂಮಿ ಎಳೆದು ಚಪ್ಪಟೆ ಮಾಡತ್ತೆ, ಆರಡಿ ಆಳಾಗಿ ಎದ್ದು ನಿಲ್ಲೋದು ಮಾತ್ರ ಸಿನಿಮಾದಲ್ಲೇ.

ಹಾಗಂತ ಪೂರ್ತಿ ಸುಳ್ಳೂ ಅಲ್ಲ. 2023ರ ಜನವರಿಯಲ್ಲಿ ಚೀನಾದವರು ಮತ್ತೆ ಅಮೆರಿಕದ ಕಾರ್ನೆಗೀ ಮೆಲನ್ ವಿವಿಯವರು ಸೇರಿ ಗ್ಯಾಲಿಯಮ್ಮಲ್ಲಿ ಅಯಸ್ಕಾಂತದ ಪುಡಿ ಬೆರೆಸಿ ಒಂದು ಪುಟಾಣಿ ಮನುಷ್ಯಾಕಾರ ಮಾಡಿದ್ರು, ಆ ಕಡೆ ಈ ಕಡೆ ತಿರುಗೋ ಕಾಂತಕ್ಷೇತ್ರದಿಂದ ಅದನ್ನ ಕರಗಿಸಿ ಪಂಜರದ ಕಂಬಿ ದಾಟಿಸಿದ್ರು. ಐಡಿಯಾ ಬಂದಿದ್ದು ಮೈ ಗಟ್ಟಿ ಮೆತ್ತಗೆ ಮಾಡ್ಕೊಳೋ ಸಮುದ್ರಸೌತೆ ಅನ್ನೋ ಜೀವಿಯಿಂದ. ಹೊರಗೆ ಬಂದಮೇಲೆ ಮತ್ತೆ ಮನುಷ್ಯನ ಆಕಾರ ಬರೋಕೆ ಅದನ್ನ ಅಚ್ಚಲ್ಲಿ ಹಾಕ್ಬೇಕಾಯ್ತು, ತಾನಾಗೇ ಎದ್ದು ನಿಲ್ಲಲಿಲ್ಲ. ಆದ್ರೂ ಆ ವಿಡಿಯೋ ನೋಡಿದಾಗ ನಂಗೆ ಮೈ ಜುಂ ಅಂದಿತ್ತು.

4ಕೆ ಬೇಡ್ವಾ ಹಾಗಾದ್ರೆ ಅಂತ ಕೇಳೋರಿಗೆ ಒಂದು ಮಾತು ಹೇಳ್ತೀನಿ. ಒಳ್ಳೇ ಕಣ್ಣು ಬೇರೆಬೇರೆ ಅಂತ ಗುರುತಿಸೋದು ಡಿಗ್ರಿಯ ಅರವತ್ತರಲ್ಲೊಂದು ಭಾಗದಷ್ಟು ದೂರದ ಚುಕ್ಕಿಗಳನ್ನ. 55 ಇಂಚಿನ ಟಿವೀಲಿ 4ಕೆ ಚುಕ್ಕಿ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ, ಅದನ್ನ ಬಿಡಿಬಿಡಿಯಾಗಿ ನೋಡ್ಬೇಕಾದ್ರೆ 1.1 ಮೀಟರ್ ಒಳಗೆ ಕೂರಬೇಕು, ಸಾದಾ ಬ್ಲೂ-ರೇ ಚುಕ್ಕಿಗೆ 2.2 ಮೀಟರ್. ನಮ್ಮನೆ ಸೋಫಾ ಇರೋದು 2.7 ಮೀಟರಲ್ಲಿ. ಅಂದ್ರೆ ನಾನು ಕೂರೋ ಜಾಗದಿಂದ ಚುಕ್ಕಿ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸ ಸಿಗೋದೇ ಕಷ್ಟ, 4ಕೆ ಡಿಸ್ಕಲ್ಲಿ ನಿಜವಾದ ಲಾಭ ಎಚ್‌ಡಿಆರ್, ಅಂದ್ರೆ ಬೆಳಕು ಕತ್ತಲೆಯ ಅಂತರ ಜಾಸ್ತಿ ತೋರಿಸೋ ಪದ್ಧತಿ, ಕಾರ್ಖಾನೆಯ ಕಾದ ಉಕ್ಕಿನ ಕಿತ್ತಳೆ ಬಣ್ಣ ಅದರಲ್ಲಿ ಅದ್ಭುತ, ಅದನ್ನ ಒಪ್ಕೊತೀನಿ. ಸ್ಟ್ರೀಮಿಂಗಲ್ಲಿ ನೋಡೋರಿಗೆ ಇನ್ನೊಂದು ತೊಂದ್ರೆ, ರವೆ ಪ್ರತೀ ಫ್ರೇಮಿಗೂ ಹೊಸದು, ಊಹೆ ಮಾಡೋಕೆ ಆಗಲ್ಲ, ಊಹೆ ಮಾಡೋಕಾಗದ್ದನ್ನ ಕುಗ್ಗಿಸೋಕೂ ಆಗಲ್ಲ, ಡಿಸ್ಕಲ್ಲಿ ಸೆಕೆಂಡಿಗೆ 128 ಮೆಗಾಬಿಟ್ ತನಕ ಜಾಗ ಇರತ್ತೆ, ಸ್ಟ್ರೀಮಿಂಗಲ್ಲಿ ಸಿಗೋದು 15, 20. ಎವಿ1 ಅನ್ನೋ ಹೊಸ ಪದ್ಧತೀಲಿ ರವೆ ತೆಗೆದು ಕಳಿಸಿ, ಅದು ಎಂಥಾ ರವೆ ಅಂತ ಒಂದು ಚೀಟಿ ಜೊತೆಗೆ ಕಳಿಸಿ, ನಮ್ಮ ಟಿವೀಲಿ ಅದೇ ತರದ್ದನ್ನ ಮತ್ತೆ ಉದುರಿಸ್ತಾರೆ. ಜಾಣತನದ ಕೆಲಸ, ಆದ್ರೆ ಕ್ಯಾಮೆರಾದೊಳಗೆ ಅವತ್ತು ಬಿದ್ದ ರವೆ ಅದಲ್ಲ.

ಕೊನೆಗೆ 4ಕೆ ಡಿಸ್ಕ್ ತೆಗೆದು ಹಳೇ ಬ್ಲೂ-ರೇ ಹಾಕಿದೆ. ಅದರಲ್ಲೂ ಸ್ವಲ್ಪ ಸವರಿದ್ದಾರೆ, ಆದ್ರೆ ಇಷ್ಟಿಲ್ಲ. ರಾತ್ರಿ ಹೈವೇ ಶಾಟು, ಕಾರಿನ ದೀಪದ ಬೆಳಕಲ್ಲಿ ರಸ್ತೆ ಮಧ್ಯದ ಗೆರೆಗಳು ನಮ್ಮ ಕಡೆ ಓಡಿ ಬರ್ತವೆ, ಸುತ್ತ ಪೂರ್ತಿ ಕತ್ತಲೆ. ಆ ಕತ್ತಲೆ ಒಳಗೆ ಸಣ್ಣಗೆ ನೀಲಿ ಬೂದು ರವೆ ಕುದೀತಾ ಇತ್ತು. ಪಾಸ್ ಒತ್ತಿದೆ, ನಿಂತ್ಹೋಯ್ತು. ಪ್ಲೇ ಒತ್ತಿದೆ, ಮತ್ತೆ ಕುದಿಯೋಕೆ ಶುರುವಾಯ್ತು.