ಊರಿನ ಕಲಾಸಂಘವನ್ನು ನಡೆಸುವವರು: ಅಕಾಡೆಮಿಯ ನೇಮಕದಿಂದ ಹೆಗ್ಗೋಡಿನ ಸಂಘದವರೆಗೆ

ಕರ್ನಾಟಕದಲ್ಲಿ ಸರ್ಕಾರ ಬದಲಾದಾಗ ಕಲೆ, ಸಾಹಿತ್ಯಗಳಿಗಾಗಿ ಸರ್ಕಾರ ಸ್ಥಾಪಿಸಿದ ಅಕಾಡೆಮಿಗಳ ಅಧ್ಯಕ್ಷರೂ ಬದಲಾಗುವುದು ಈಗ ರೂಢಿಯೇ ಆಗಿಬಿಟ್ಟಿದೆ. 2019ರಲ್ಲಿ ಹೊಸ ಸರ್ಕಾರ ಬಂದೊಡನೆ ಹಿಂದಿನ ನೇಮಕಗಳು ರದ್ದಾದವು. 2023ರಲ್ಲಿ ಮತ್ತೆ ಹಾಗೆಯೇ ಆಯಿತು. ಹೊಸ ಅಧ್ಯಕ್ಷರು ಮತ್ತು ಸದಸ್ಯರು ನೇಮಕಗೊಳ್ಳುವ ಹೊತ್ತಿಗೆ 2024ರ ಮಾರ್ಚ್ ಬಂದಿತ್ತು. ಇಂಥ ಪ್ರತಿ ಸಂದರ್ಭದಲ್ಲೂ ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಯಾರಿಗೆ ಸ್ಥಾನ ಸಿಕ್ಕಿತು, ಯಾವ ಜಿಲ್ಲೆಗೆ ಅನ್ಯಾಯವಾಯಿತು ಎಂಬುದರ ಸುತ್ತಲೇ ಸುತ್ತುತ್ತದೆ. ಕಲೆಯ ಸಂಸ್ಥೆಯೊಂದನ್ನು ನಡೆಸುವ ಹೊಣೆ ಯಾರದಾಗಿರಬೇಕು ಮತ್ತು ಆ ಹೊಣೆ ಅವರಿಗೆ ಎಲ್ಲಿಂದ ಬರಬೇಕು ಎಂಬ ಅದಕ್ಕಿಂತ ಹಳೆಯ ಪ್ರಶ್ನೆ ಹಿಂದೆಯೇ ಉಳಿಯುತ್ತದೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಈ ಪ್ರಶ್ನೆಗೆ ಇದ್ದ ಉತ್ತರ ಸರಳವಾಗಿತ್ತು: ಸರ್ಕಾರ ಹಣ ಕೊಡಬೇಕು, ಕಲಾವಿದರು ಸಂಸ್ಥೆ ನಡೆಸಬೇಕು. ಬ್ರಿಟನ್ನಿನಲ್ಲಿ 1946ರಲ್ಲಿ ಆರಂಭವಾದ ಆರ್ಟ್ಸ್ ಕೌನ್ಸಿಲ್ ಹಿಡಿದ ಹಾದಿಯೂ ಅದೇ ಆಗಿತ್ತು. ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ 1953ರಲ್ಲಿಯೂ ಸಾಹಿತ್ಯ ಮತ್ತು ಲಲಿತಕಲಾ ಅಕಾಡೆಮಿಗಳು 1954ರಲ್ಲಿಯೂ ಕೆಲಸ ಆರಂಭಿಸಿದವು. ಮೈಸೂರು ರಾಜ್ಯದಲ್ಲಿ 1959ರಲ್ಲಿ ಸಂಗೀತ ನಾಟಕ ಅಕಾಡೆಮಿ ಸ್ಥಾಪನೆಯಾಯಿತು. ನಾಟಕಕ್ಕೆ ಅದರಿಂದ ಬೇರೆಯಾದ ಅಕಾಡೆಮಿ ದೊರೆತದ್ದು 1970ರ ದಶಕದ ಕೊನೆಯಲ್ಲಿ. ಕೇಂದ್ರದ ಅಕಾಡೆಮಿಗಳು ಎಷ್ಟರಮಟ್ಟಿಗೆ ಸ್ವಾಯತ್ತವಾಗಿವೆ, ಹೇಗೆ ಕೆಲಸ ಮಾಡುತ್ತಿವೆ ಎಂಬುದನ್ನು ಪರಿಶೀಲಿಸಲು ಖೋಸ್ಲಾ ಸಮಿತಿ (1972ರ ವರದಿ), ಹಕ್ಸರ್ ಸಮಿತಿ (1990ರ ವರದಿ) ಎರಡನ್ನೂ ಸರ್ಕಾರವೇ ನೇಮಿಸಬೇಕಾಗಿ ಬಂತು. ಆ ಸರಳ ಉತ್ತರ ಅಷ್ಟು ಸರಳವಾಗಿ ನಡೆಯಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ರಾಜ್ಯದ ಅಕಾಡೆಮಿಗಳಲ್ಲಿ ಅಧ್ಯಕ್ಷರು ಮತ್ತು ಸದಸ್ಯರು ನಾಮನಿರ್ದೇಶನದಿಂದ ಬರುತ್ತಾರೆ, ಅವಧಿ ಸಾಮಾನ್ಯವಾಗಿ ಮೂರು ವರ್ಷ. ನೇಮಿಸುವ ಕೈಗೆ ತೆಗೆದುಹಾಕುವ ಅಧಿಕಾರವೂ ಇರುವಾಗ, ಅಧ್ಯಕ್ಷರು ಎಷ್ಟೇ ಯೋಗ್ಯರಾಗಿದ್ದರೂ ಅವರ ಯೋಜನೆಗಳ ಆಯುಸ್ಸು ಸರ್ಕಾರದ ಆಯುಸ್ಸನ್ನು ಮೀರುವುದು ಕಷ್ಟ.

ಇದೇ ಕಾಲದಲ್ಲಿ, ಯಾವ ಸರ್ಕಾರಿ ಆದೇಶವೂ ಇಲ್ಲದೆ, ಇನ್ನೊಂದು ಉತ್ತರ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ರೂಪುಗೊಳ್ಳುತ್ತಿತ್ತು. 1949ರಲ್ಲಿ ಅಲ್ಲಿನ ಕೆಲವರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ನೀನಾಸಮ್ ಎಂದು ಈಗ ನಾಡಿಗೆಲ್ಲ ಗೊತ್ತಿರುವ ಸಂಸ್ಥೆ ಅದು. ಕಟ್ಟಿದವರಲ್ಲಿ ಹೆಚ್ಚಿನವರು ಅಡಿಕೆ ತೋಟದವರು. ಹಗಲು ತೋಟದ ಕೆಲಸ, ರಾತ್ರಿ ತಾಲೀಮು, ವರ್ಷಕ್ಕೊಂದೆರಡು ನಾಟಕ. ಮಲೆನಾಡಿನ ಹಲವು ಹಳ್ಳಿಗಳಲ್ಲಿ ಇಂಥ ಸಂಘಗಳಿದ್ದವು, ಬಹುಪಾಲು ಮುಚ್ಚಿಯೂ ಹೋದವು. ಹೆಗ್ಗೋಡಿನದು ಉಳಿಯಿತು. ಅದಕ್ಕೆ ಮೊದಲ ಕಾರಣವಾಗಿ ಕೆ.ವಿ. ಸುಬ್ಬಣ್ಣ ಅವರ ಹೆಸರನ್ನು ಹೇಳುತ್ತಾರೆ, ಅದು ಸರಿಯೇ. 1932ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಪದವಿ ಮುಗಿದ ಮೇಲೆ ನೌಕರಿ ಹುಡುಕಿ ನಗರದಲ್ಲಿ ಉಳಿಯದೆ ಊರಿಗೆ ಮರಳಿದವರು ಅವರು. ಆದರೆ ಒಬ್ಬರ ಪ್ರತಿಭೆಯಿಂದಲೇ ಇದನ್ನೆಲ್ಲ ವಿವರಿಸಿದರೆ ಸಂಘದ ಉಳಿದ ಸದಸ್ಯರಿಗೆ ಅನ್ಯಾಯವಾಗುತ್ತದೆ.

ಅಡಿಕೆ ಬೆಳೆಗಾರರಿಗೆ ಒಟ್ಟಾಗಿ ಸಂಸ್ಥೆ ನಡೆಸುವ ಅಭ್ಯಾಸ ಮೊದಲೇ ಇತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಶಿರಸಿಯ ತೋಟಗಾರರ ಮಾರಾಟ ಸಹಕಾರಿ ಸಂಘ 1923ರದು. ಶಿವಮೊಗ್ಗದಲ್ಲಿ ಅಡಿಕೆ ಮಾರಾಟದ ಸಹಕಾರಿ ಸಂಘ ಮ್ಯಾಮ್ಕೋಸ್ 1939ರಲ್ಲಿ ಆರಂಭವಾಯಿತು. ದಲ್ಲಾಳಿಗಳ ಹಿಡಿತದಿಂದ ತಪ್ಪಿಸಿಕೊಳ್ಳಲು ಕಟ್ಟಿದ ಈ ಸಂಘಗಳಲ್ಲಿ ಷೇರು ಕೊಳ್ಳುವುದು, ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವುದು, ಆಡಳಿತ ಮಂಡಳಿಯನ್ನು ಮತ ಹಾಕಿ ಬದಲಿಸುವುದು ಜನರಿಗೆ ರೂಢಿಯಾಗಿತ್ತು. ಅದೇ ಜನ ನಾಟಕದ ಸಂಘ ಕಟ್ಟಿದಾಗ ಅಲ್ಲಿಯೂ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಇದ್ದರು. ಜಮಾ–ಖರ್ಚನ್ನು ನೆರೆಮನೆಯವರ ಎದುರಿಗೇ ಒಪ್ಪಿಸಬೇಕಾದ ಆ ಶಿಸ್ತು, ಯಾವ ಇಲಾಖೆಯ ಲೆಕ್ಕಪರಿಶೋಧನೆಗಿಂತಲೂ ಕಡಿಮೆಯದಲ್ಲ.

ಆ ಸಹಕಾರದ ಮಿತಿಯನ್ನೂ ಇಲ್ಲಿ ಹೇಳಬೇಕು. ತೋಟ ಇದ್ದವರ ಸಂಘ ಎಂದರೆ ಊರಿನ ಎಲ್ಲರ ಸಂಘ ಎಂದಾಗುವುದಿಲ್ಲ. ಗೇಣಿದಾರರು ಭೂಮಾಲೀಕರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹ ಇದೇ ಸಾಗರ ತಾಲ್ಲೂಕಿನದು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು, ಗೋಪಾಲಗೌಡರಂಥ ಸಮಾಜವಾದಿ ನಾಯಕರು ಆ ಹೋರಾಟದೊಂದಿಗೆ ಬೆಳೆದರು. ಸುಬ್ಬಣ್ಣನವರ ಮೇಲೆ ಗಾಂಧಿ ಮತ್ತು ಲೋಹಿಯಾ ಇಬ್ಬರ ಪ್ರಭಾವವೂ ಇತ್ತು. ಸಂಘ ತನ್ನ ಬಾಗಿಲನ್ನು ಅಗಲಿಸಿಕೊಳ್ಳುತ್ತ ಹೋದದ್ದಕ್ಕೆ ಈ ಹಿನ್ನೆಲೆ ಕಾರಣವೆಂದು ನಾನು ಭಾವಿಸುತ್ತೇನೆ; ಜಾತಿ ಮತ್ತು ಭೂಮಿಯ ಪ್ರಶ್ನೆಗಳನ್ನು ಬದಿಗಿಟ್ಟು ಈ ಚರಿತ್ರೆಯನ್ನು ಬರೆಯಲು ಬಾರದು.

ಮುಂದಿನ ಹೆಜ್ಜೆಗಳು ನಿಧಾನವಾಗಿ ಬಂದವು. ಶಿವರಾಮ ಕಾರಂತ ರಂಗಮಂದಿರ 1972ರಲ್ಲಿ ಸಿದ್ಧವಾಯಿತು. 1973ರಲ್ಲಿ ಚಿತ್ರಸಮಾಜ ಆರಂಭವಾಗಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನ ನೋಡಿ ಚರ್ಚಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಚಿದಂಬರರಾವ್ ಜಂಬೆ ಅದರ ಪ್ರಾಂಶುಪಾಲರಾದರು. 1983ರಿಂದ 85ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ ಜನಸ್ಪಂದನ ಯೋಜನೆ ನಾಟಕ, ಸಿನಿಮಾ ಶಿಬಿರಗಳನ್ನು ನಾಡಿನ ಬೇರೆಬೇರೆ ಊರುಗಳಿಗೆ ಒಯ್ದಿತು. ಹೊರಗಿನ ದೊಡ್ಡ ಹಣ ನಿಂತ ಮೇಲೆ ಏನಾಗುತ್ತದೆ ಎಂಬುದು ಎಲ್ಲ ಸಂಸ್ಥೆಗಳಿಗೂ ಎದುರಾಗುವ ಪರೀಕ್ಷೆ. ಹೆಗ್ಗೋಡಿನಲ್ಲಿ 1985ರಲ್ಲಿ, ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’ ಆರಂಭವಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರ ಜುಲೈಯಲ್ಲಿ ಅವರು ತೀರಿಕೊಂಡ ಮೇಲೂ ಶಾಲೆ, ತಿರುಗಾಟ, ಅಕ್ಟೋಬರ್ ಹೊತ್ತಿನ ಸಂಸ್ಕೃತಿ ಶಿಬಿರ ಮುಂದುವರಿದವು.

ತಿರುಗಾಟದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಳೆಗಾಲದಲ್ಲಿ ತಾಲೀಮು ಮುಗಿಸಿದ ತಂಡ ಮಳೆ ನಿಂತ ಮೇಲೆ ಊರೂರಿಗೆ ಹೊರಟು ವರ್ಷಕ್ಕೆ ನೂರಕ್ಕೂ ಹೆಚ್ಚು ಪ್ರದರ್ಶನ ಕೊಡುತ್ತದೆ. ಆದರೆ ತಂಡವನ್ನು ಕರೆಸಿಕೊಳ್ಳುವವರು ಆಯಾ ಊರಿನ ಸಂಘಟಕರು. ಶಾಲೆಯ ಮೇಷ್ಟ್ರು, ಬ್ಯಾಂಕಿನ ನೌಕರರು, ಔಷಧಿ ಅಂಗಡಿಯವರು, ವಕೀಲರು, ಕಾಲೇಜಿನ ಕನ್ನಡ ಅಧ್ಯಾಪಕರು ಸೇರಿದ ನಾಲ್ಕೈದು ಜನರ ಗುಂಪು ಅದು. ತಾರೀಖು ಗೊತ್ತುಮಾಡಿ ಶಾಲೆಯ ಮೈದಾನವನ್ನೋ ಕಲ್ಯಾಣ ಮಂಟಪವನ್ನೋ ಹಿಡಿಯುವುದು, ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಪಡೆಯುವುದು, ಕರೆಂಟು ಕೈಕೊಟ್ಟರೆ ಇರಲೆಂದು ಜನರೇಟರ್ ಗೊತ್ತುಮಾಡುವುದು, ಟಿಕೆಟ್ ಪುಸ್ತಕ ಹಿಡಿದು ಅಂಗಡಿ–ಕಚೇರಿಗಳನ್ನು ಸುತ್ತುವುದು, ತಂಡದವರ ಊಟ–ವಸತಿಗೆ ಮನೆಗಳನ್ನು ಒಪ್ಪಿಸುವುದು, ಕೊನೆಗೆ ಟಿಕೆಟ್ಟಿನ ಹಣ ಸಾಲದೆ ಬಂದರೆ ಉಳಿದದ್ದನ್ನು ತಮ್ಮೊಳಗೇ ಹಂಚಿಕೊಂಡು ಕೊಡುವುದು, ಇವೆಲ್ಲ ಅವರ ಪಾಲಿನವು. ನಾಟಕದ ದಿನ ಅವರು ಬಾಗಿಲಲ್ಲಿ ಟಿಕೆಟ್ ಹರಿಯುತ್ತ ನಿಂತಿರುವುದರಿಂದ ಮೊದಲ ದೃಶ್ಯವನ್ನು ನೋಡುವ ಅವಕಾಶವೂ ಎಷ್ಟೋ ಸಲ ಸಿಗುವುದಿಲ್ಲ.

1965ರಿಂದ ನಡೆದುಬಂದಿರುವ ಉಡುಪಿಯ ‘ರಂಗಭೂಮಿ’ ಸಂಸ್ಥೆ, 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗಸಂಘಟನೆಯ ಜಿಲ್ಲಾ ಘಟಕಗಳು, ಸಾಣೇಹಳ್ಳಿಯ ‘ಶಿವಸಂಚಾರ’ ನಾಟಕ ತಂಡವನ್ನು ಕರೆಸಿಕೊಳ್ಳುವ ಊರಿನವರು, ಇವರೆಲ್ಲರ ಹಿಂದೆಯೂ ಇಂಥದೇ ಗುಂಪುಗಳಿವೆ. ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡು ಪ್ರತಿವರ್ಷ ಲೆಕ್ಕಪತ್ರ ಸಲ್ಲಿಸುವ ಕೆಲಸವೂ ಇವರದೇ.

ಈ ಗುಂಪುಗಳಲ್ಲಿ ಹಲವು ಈಗ ದಣಿದಿವೆ. ಎಂಬತ್ತರ ದಶಕದಲ್ಲಿ ಇಪ್ಪತ್ತೈದು ವರ್ಷದವರಾಗಿ ಸೇರಿಕೊಂಡವರು ಅರವತ್ತು ದಾಟಿದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹೆಗ್ಗೋಡಿನ ಶಾಲೆಯಿಂದ ಪ್ರತಿವರ್ಷ ನಟರು, ನಿರ್ದೇಶಕರು ಹೊರಬರುತ್ತಾರೆ, ಆದರೆ ಸಂಘಟಕರನ್ನು ತಯಾರುಮಾಡುವ ಶಾಲೆ ಎಲ್ಲಿಯೂ ಇಲ್ಲ. ಸರ್ಕಾರದ ಅನುದಾನವೂ ತಂಡಕ್ಕೋ ಕಾರ್ಯಕ್ರಮಕ್ಕೋ ಸಲ್ಲುತ್ತದೆಯೇ ಹೊರತು, ವರ್ಷವಿಡೀ ಸಂಘವನ್ನು ಜೀವಂತವಾಗಿಡುವ ಖರ್ಚಿಗೆ ಒದಗುವುದು ಕಡಿಮೆ. ಅಕಾಡೆಮಿಗಳು ತಮ್ಮ ಸದಸ್ಯ ಸ್ಥಾನಗಳಲ್ಲಿ ಒಂದು ಪಾಲನ್ನು, ನಾಮನಿರ್ದೇಶನವನ್ನು ಬಿಟ್ಟು, ನೋಂದಾಯಿತ ಸಂಘಗಳೇ ಆರಿಸಿ ಕಳಿಸುವವರಿಗೆ ಮೀಸಲಿಡುವುದು ಸಾಧ್ಯ. ಜಿಲ್ಲಾ ರಂಗಮಂದಿರಗಳ ಬಾಡಿಗೆಯನ್ನು ಇಂಥ ಸಂಘಗಳ ಕೈಗೆಟಕುವಷ್ಟಕ್ಕೆ ಇಳಿಸುವುದು ಅದಕ್ಕಿಂತಲೂ ಸುಲಭ. ಎರಡನೆಯದಕ್ಕೆ ಕಾನೂನಿನ ತಿದ್ದುಪಡಿಯೂ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು. ತಿರುಗಾಟದ ತಂಡ ಮತ್ತೆ ಹೊರಡುವುದರೊಳಗೆ ಅದು ಹೊರಬಂದರೆ, ಈ ವರ್ಷ ಟಿಕೆಟ್ ಪುಸ್ತಕ ಅಚ್ಚುಹಾಕಿಸಲೋ ಬೇಡವೋ ಎಂದು ಯೋಚಿಸುತ್ತಿರುವ ಸಂಘಗಳಿಗೆ ತೀರ್ಮಾನಿಸಲು ನೆರವಾದೀತು.