ಸಫಾರಿ ಬಸ್ಸಿನ ಟಿಕೆಟ್ ಕೊಳ್ಳುವ ಮುಂಚೆ

ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿ, ಹಾಸನೂರಿನ ಕಡೆಯವರು ಆನೆ ನೋಡುವುದಕ್ಕೆ ದುಡ್ಡು ಕೊಡಬೇಕಾಗಿಯೇ ಇಲ್ಲ. ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೊರಟ ಬಸ್ಸು ದಿಂಬಂ ಘಾಟಿಯ 27 ತಿರುವು ಹತ್ತಿ, ಹಾಸನೂರು ದಾಟಿ ಕಾರಪಳ್ಳಂ ಚೆಕ್‌ಪೋಸ್ಟಿನ ಹತ್ತಿರ ಬಂದರೆ, ಕಬ್ಬಿನ ಲಾರಿಗೆ ಕಾದು ನಿಂತ ಆನೆ ಎದುರಾಗುವುದು ಅಲ್ಲಿನವರಿಗೆ ಹೊಸದಲ್ಲ. ಆದರೂ ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಬಂದು ‘ಮಾಮ, ಸಫಾರಿಗೆ ಕರ್ಕೊಂಡು ಹೋಗಿ’ ಅಂದಮೇಲೆ ಹೋಗದೆ ವಿಧಿಯಿಲ್ಲ. ಹೋದವರು ಕೌಂಟರಿನಲ್ಲಿ ಕೇಳುವುದು ಒಂದೇ ಮಾತು: ‘ಹುಲಿ ಕಾಣುತ್ತಾ?’

ಕೌಂಟರಿನಲ್ಲಿ ಕೂತವರಿಗೂ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ. ಕೇಳಬೇಕಾದದ್ದು ಬೇರೆ. ವಾಹನ ಯಾರದ್ದು, ಎಷ್ಟು ಹೊತ್ತಿಗೆ ಗೇಟು ದಾಟುತ್ತದೆ, ಒಳಗೆ ಎಷ್ಟು ಹೊತ್ತು ಇರುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಬಸ್ಸೋ ಜೀಪೋ ಎನ್ನುವ ಚರ್ಚೆ ಅರ್ಧ ಮುಗಿದ ಹಾಗೆ.

ಮೊದಲು ವಾಹನ ಯಾರದ್ದು ಎನ್ನುವುದು. ತಾಳವಾಡಿಗೆ ಹತ್ತಿರದ ಬಸ್ ಸಫಾರಿ ಎಂದರೆ ಬಂಡೀಪುರದ್ದು. ಈಗ ಅದು ಹೊರಡುವುದು ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಸಿಗುವ ಮೇಲುಕಾಮನಹಳ್ಳಿಯಿಂದ. ಗಡಿ ದಾಟಿದರೆ ಮುದುಮಲೆ. ಅಲ್ಲಿ ತೆಪ್ಪಕಾಡಿನಲ್ಲಿ ತಮಿಳುನಾಡು ಅರಣ್ಯ ಇಲಾಖೆಯ ವ್ಯಾನುಗಳಿವೆ. ಬೋರ್ಡೆಲ್ಲ ತಮಿಳು, ಇಂಗ್ಲಿಷಿನಲ್ಲಿದ್ದರೂ ಕನ್ನಡ ಮಾತಾಡಿ ಕೆಲಸ ಮುಗಿಸಿಕೊಳ್ಳಬಹುದು. ಎರಡೂ ಕಡೆ ಸಫಾರಿ ದಾರಿಗೆ ಇಳಿಯುವ ಹಕ್ಕು ಇಲಾಖೆಯ, ಇಲ್ಲವೇ ಇಲಾಖೆ ಒಪ್ಪಿದ ವಾಹನಗಳಿಗೆ ಮಾತ್ರ. ಹೊಸೂರು, ಈರೋಡಿನಿಂದ ಟೂರಿಸ್ಟ್ ಬಸ್ಸು ಮಾತಾಡಿಕೊಂಡು ಹೋಗುವ ಸಂಘ, ಶಾಲೆಗಳವರು ಮೊದಲು ಎಡವುವುದೇ ಇಲ್ಲಿ. ನೀವು ಹೋದ ಬಸ್ಸು ಪಾರ್ಕಿಂಗಿನಲ್ಲೇ ನಿಲ್ಲುತ್ತದೆ, ಒಳಗೆ ಹೋಗಲು ಬೇರೆ ಟಿಕೆಟ್ ಬೇಕು. ಪ್ಯಾಕೇಜಿನಲ್ಲಿ ‘ಬಂಡೀಪುರ–ಮುದುಮಲೆ ವನ್ಯಜೀವಿ ದರ್ಶನ’ ಅಂತ ಬರೆದಿದ್ದರೆ, ಇಲಾಖೆಯ ಸಫಾರಿ ಟಿಕೆಟ್ಟಿನ ದುಡ್ಡು ಅದರಲ್ಲಿ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಸೇರಿಲ್ಲದಿದ್ದರೆ ನಿಮಗೆ ಸಿಗುವುದು ಹೆದ್ದಾರಿಯ ಕಿಟಕಿ ಅಷ್ಟೆ. ಅಲ್ಲಿ ಕಾರಿನವರೂ ಪುಕ್ಕಟೆಯಾಗಿ ಜಿಂಕೆ ನೋಡಿಕೊಂಡೇ ಹೋಗುತ್ತಾರೆ.

ಮಸಿನಗುಡಿಯ ಖಾಸಗಿ ಜೀಪುಗಳ ವಿಷಯವೂ ಇದೇ. ಅವರು ಕರೆದುಕೊಂಡು ಹೋಗುವುದು ಮಾಯಾರ್, ಸಿಂಗಾರದ ಕಡೆಗಿನ ಸಾರ್ವಜನಿಕ ರಸ್ತೆಗಳಲ್ಲಿ. ಆ ರಸ್ತೆಗಳಲ್ಲಿ ಆನೆ, ಕಾಟಿ (ಕಾಡುಕೋಣ) ಕಾಣುವುದು ನಿಜ, ಹಾಗಾಗಿ ಅದನ್ನು ಮೋಸ ಎನ್ನುವ ಹಾಗಿಲ್ಲ. ಆದರೆ ‘ಕೋರ್ ಕಾಡಿನೊಳಗೆ ಬಿಡ್ತೀವಿ’, ‘ರಾತ್ರಿ ಸಫಾರಿ ಇದೆ’ ಎಂದವರ ಗಾಡಿ ಹತ್ತಬೇಡಿ. ಹುಲಿ ಮೀಸಲು ಕಾಡುಗಳಲ್ಲಿ ರಾತ್ರಿ ಪ್ರವಾಸ ಕೂಡದೆಂದು ಸುಪ್ರೀಂ ಕೋರ್ಟೇ ಹೇಳಿದೆ. ಸಿಕ್ಕಿಬಿದ್ದರೆ ಕೇಸು ಚಾಲಕನ ಮೇಲೆ ಮಾತ್ರ ಬೀಳುವುದಿಲ್ಲ.

ಹೊಸೂರು, ಡೆಂಕಣಿಕೋಟೆಯವರಿಗೆ ಕೈಗೆಟಕುವುದು ಬನ್ನೇರುಘಟ್ಟ. ಹೆಸರಿನಿಂದಾಗಿ ಇಲ್ಲೊಂದು ಗೊಂದಲವಿದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ನಿಜವಾದ ಕಾಡು. ನೀವು ಬಸ್ಸಿನಲ್ಲಿ ಸುತ್ತುವುದು ಅದಕ್ಕೆ ಅಂಟಿಕೊಂಡ ಜೈವಿಕ ಉದ್ಯಾನದೊಳಗೆ, ಬೇಲಿ ಹಾಕಿದ ಆವರಣಗಳಲ್ಲಿ. ಸಿಂಹ, ಹುಲಿ, ಕರಡಿ ಕಂಡೇ ಕಾಣುತ್ತವೆ, ಯಾಕೆಂದರೆ ಅವು ಬೇಲಿ ದಾಟಿ ಎಲ್ಲಿಗೂ ಹೋಗುವಂತಿಲ್ಲ. ನಾಲ್ಕೈದು ವರ್ಷದ ಮಗು, ಮಂಡಿ ನೋವಿನ ಅಜ್ಜಿ ಜೊತೆಗಿದ್ದರೆ, ‘ಏನೂ ಕಾಣಲಿಲ್ಲ’ ಎಂಬ ಅಳು ಬೇಡವೆನಿಸಿದರೆ, ನಮ್ಮ ಸಲಹೆ ಇದೇ. ಕಾಡು ನೋಡಬೇಕು ಎನ್ನುವವರಿಗೆ ಇದು ಕಾಡಲ್ಲ. ಮಂಗಳವಾರ ರಜೆ ಎಂಬುದನ್ನು ಮರೆತು ಗೇಟಿನ ಮುಂದಿನಿಂದ ವಾಪಸಾಗುವವರು ಈಗಲೂ ಇದ್ದಾರೆ. ಬೇಲಿಯೊಳಗಿನ ಪ್ರಾಣಿ ಸಾಧು ಎಂದುಕೊಳ್ಳುವುದು ಇನ್ನೊಂದು ತಪ್ಪು. 2025ರ ಆಗಸ್ಟ್‌ನಲ್ಲಿ ಇಲ್ಲೇ ಸಫಾರಿ ವಾಹನದ ಕಿಟಕಿಯಲ್ಲಿ ಕೂತಿದ್ದ ಹುಡುಗನ ಕೈಯನ್ನು ಚಿರತೆ ಪರಚಿತ್ತು. ಕಿಟಕಿಗೆ ಜಾಲರಿ ಇದ್ದರೂ ಮಗುವಿನ ಬೆರಳು ಅದರ ಕಿಂಡಿಯಲ್ಲಿರಬಾರದು. ಮಗುವನ್ನು ಒಳಬದಿಯ ಸೀಟಿನಲ್ಲಿ ಕೂರಿಸಿ, ನೀವು ಕಿಟಕಿ ಬದಿ ಕೂರಿ.

ಇನ್ನು ಬಂಡೀಪುರ, ಮುದುಮಲೆಯಂಥ ನಿಜವಾದ ಕಾಡಿನಲ್ಲಿ ಬಸ್ಸೋ ಜೀಪೋ? ಬಸ್ಸೆಂದರೆ ಬಡವರ ಸಫಾರಿ ಎಂಬ ಮಾತು ಅರ್ಧ ಸುಳ್ಳು. ಈ ಕಾಡುಗಳ ತುಂಬ ಲಂಟಾನ ಎಂಬ ಕಳೆಗಿಡ ಹಬ್ಬಿದೆ. ದಾರಿ ಬದಿಯಲ್ಲೇ ಅದು ಆಳೆತ್ತರ ಬೆಳೆದಿರುತ್ತದೆ. ಜೀಪಿನಲ್ಲಿ ಕೂತವರಿಗೆ ಎಲೆ ಮಾತ್ರ ಕಾಣುವ ಕಡೆ, ಬಸ್ಸಿನಲ್ಲಿ ಕೂತವರಿಗೆ ಪೊದೆಯಾಚೆಯ ಕಾಟಿಯ ಬೆನ್ನು, ಆನೆಯ ತಲೆ ಕಾಣುತ್ತದೆ. ಆನೆ, ಕಾಟಿ, ಜಿಂಕೆ, ಕಡವೆ, ಮುಸುವ, ನವಿಲು ನೋಡಲು ಬಸ್ಸಿಗೆ ಏನೂ ಕೊರತೆಯಿಲ್ಲ. ಕೊರತೆ ಇರುವುದು ಬೇರೆ ಕಡೆ. ಬಸ್ಸು ಅಗಲದ ದಾರಿ ಬಿಟ್ಟು ಕದಲುವುದಿಲ್ಲ. ಹಿಂದೆ ತಿರುಗಿಸಲು ಜಾಗ ಬೇಕು. ಒಳಗಿರುವ ಹೊತ್ತೂ ಸಾಮಾನ್ಯವಾಗಿ ಜೀಪಿಗಿಂತ ಕಡಿಮೆ, ಹೆಚ್ಚುಕಡಿಮೆ ಒಂದು ಗಂಟೆ. ಇಪ್ಪತ್ತು ಚಿಲ್ಲರೆ ಜನರಲ್ಲಿ ಒಬ್ಬರಾದರೂ ಮಾತಾಡುತ್ತಲೇ ಇರುತ್ತಾರೆ.

ಈ ಕೊನೆಯದು ಸಣ್ಣ ವಿಷಯವಲ್ಲ. ಹುಲಿ, ಚಿರತೆ ಕಣ್ಣಿಗೆ ಬೀಳುವ ಮುಂಚೆ ಅವುಗಳ ಸುಳಿವು ಸಿಗುವುದು ಕಿವಿಗೆ. ಮರದ ಮೇಲಿನ ಮುಸುವ ‘ಖಕ್ ಖಕ್’ ಎಂದು ಕೆಮ್ಮಿದಂತೆ ಕೂಗುತ್ತದೆ. ಜಿಂಕೆ ಕೀಚಲು ದನಿಯಲ್ಲಿ ಎಚ್ಚರಿಸುತ್ತದೆ. ಆದರೆ ಅದು ಸುಮ್ಮಸುಮ್ಮನೆ ಬೆದರುವ ಪ್ರಾಣಿ, ಅದೊಂದೇ ಕೂಗಿದರೆ ನಂಬಬೇಡಿ. ಕಡವೆ ತಗಡು ಬಡಿದಂತೆ ‘ಢಾಂಕ್’ ಎಂದು ಮತ್ತೆ ಮತ್ತೆ ಕೂಗಿದರೆ, ಅದೂ ಬಾಲ ಎತ್ತಿ ಒಂದೇ ಕಡೆ ನೋಡುತ್ತ ಕೂಗಿದರೆ, ಅತ್ತ ಏನೋ ಇದೆ ಎಂದೇ ಅರ್ಥ. ಇದೆಲ್ಲ ಕೇಳಬೇಕಾದರೆ ಡೀಸೆಲ್ ಎಂಜಿನ್ ಆಫ್ ಆಗಬೇಕು, ಬಸ್ಸಿನೊಳಗಿನ ಬಾಯಿಗಳೂ ಮುಚ್ಚಬೇಕು. ಹಾಗಾಗಿ ಹುಲಿಯೇ ಗುರಿಯಾದವರು, ದೊಡ್ಡ ಲೆನ್ಸಿನ ಕ್ಯಾಮೆರಾದವರು ಹೆಚ್ಚು ಕೊಟ್ಟು ಜೀಪು ಹತ್ತುವುದೇ ಸರಿ. ಮನೆಮಂದಿಯೊಂದಿಗೆ ಕಾಡು ನೋಡಲು ಹೋಗುವವರು ಬಸ್ಸಿನ ದುಡ್ಡು ಕೊಟ್ಟು, ಉಳಿದ ದುಡ್ಡಿಗೆ ಮರುದಿನ ಇನ್ನೊಂದು ಟ್ರಿಪ್ ಹಾಕಲಿ. ಒಂದು ಜೀಪ್ ಸಫಾರಿಗಿಂತ ಬೇರೆ ಬೇರೆ ಹೊತ್ತಿನ ಎರಡು ಬಸ್ ಟ್ರಿಪ್ ಹೆಚ್ಚು ತೋರಿಸುತ್ತದೆ.

ಒಂದು ಲೆಕ್ಕವೂ ಗೊತ್ತಿರಲಿ. ಹುಲಿ ಮೀಸಲಿನ ಕೋರ್ ಭಾಗದಲ್ಲಿ ಶೇ 20ಕ್ಕಿಂತ ಹೆಚ್ಚಿನ ಪ್ರದೇಶವನ್ನು ಪ್ರವಾಸಕ್ಕೆ ಬಳಸುವಂತಿಲ್ಲ, 2012ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ. ಉಳಿದ ಕಾಡಿನಲ್ಲಿ ಹುಲಿ ಮಲಗಿದ್ದರೆ ಯಾವ ವಾಹನಕ್ಕೂ ಅದು ಸಿಗುವುದಿಲ್ಲ. ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ ಇರಬೇಕೆಂಬುದೂ ಅದೇ ಮಾರ್ಗಸೂಚಿಯಲ್ಲಿದೆ. ‘ಇನ್ನೂ ಹತ್ತಿರ ಹೋಗಣ್ಣ’ ಎಂದು ಚಾಲಕನಿಗೆ ನೂರು ರೂಪಾಯಿ ತೋರಿಸುವವರು ಅವರ ಕೆಲಸಕ್ಕೇ ಕುತ್ತು ತರುತ್ತಾರೆ.

ಹೊತ್ತಿನ ವಿಷಯಕ್ಕೆ ಬಂದರೆ, ವಾಹನಕ್ಕಿಂತ ಇದೇ ಮುಖ್ಯ. ಬೆಳಗಿನ ಮೊದಲ ಟ್ರಿಪ್ಪಿಗೆ ದಾರಿಯ ಮಣ್ಣಿನಲ್ಲಿ ರಾತ್ರಿಯ ಹೆಜ್ಜೆ ಗುರುತು ಇನ್ನೂ ಅಳಿಸಿರುವುದಿಲ್ಲ. ಅದನ್ನು ಓದಬಲ್ಲ ಚಾಲಕ ಯಾವ ಕೆರೆಯ ಕಡೆ ತಿರುಗಬೇಕೆಂದು ಅಲ್ಲೇ ತೀರ್ಮಾನಿಸುತ್ತಾನೆ. ಎರಡನೇ ಬಸ್ಸು ಹೋಗುವಷ್ಟರಲ್ಲಿ ಮೊದಲನೆಯದರ ಚಕ್ರ ಆ ಗುರುತನ್ನೆಲ್ಲ ಒರೆಸಿರುತ್ತದೆ. ಮಧ್ಯಾಹ್ನದ ಸರದಿಯಲ್ಲಿ ಇದು ತಿರುಗುಮುರುಗು. ಸುಡುಬಿಸಿಲಿನ ಮೊದಲ ಟ್ರಿಪ್ಪಿಗಿಂತ ಕೊನೆಯದು ಒಳ್ಳೆಯದು, ಬಿಸಿಲು ಇಳಿದ ಮೇಲೆ ಆನೆಗಳು ನೀರಿಗೆ ಬರುತ್ತವೆ.

ಯಾವ ತಿಂಗಳು ಎಂದರೆ ಫೆಬ್ರವರಿಯಿಂದ ಮೇವರೆಗೆ ನೋಟ ಹೆಚ್ಚು. ತೇಗ, ಮತ್ತಿ, ದಿಂಡಿಗದ ಎಲೆಯೆಲ್ಲ ಉದುರಿ ಕಾಡಿನೊಳಗೆ ದೂರಕ್ಕೂ ಕಣ್ಣು ಹೋಗುತ್ತದೆ. ನೀರು ಕೆಲವೇ ಕೆರೆ ಕಟ್ಟೆಗಳಲ್ಲಿ ಉಳಿದು ಪ್ರಾಣಿಗಳು ಅಲ್ಲಿಗೇ ಬರಬೇಕಾಗುತ್ತದೆ. ಅದೇ ತಿಂಗಳುಗಳು ಕಾಡ್ಗಿಚ್ಚಿನವೂ ಹೌದು, ಒಮ್ಮೊಮ್ಮೆ ಸಫಾರಿಯನ್ನೇ ನಿಲ್ಲಿಸುತ್ತಾರೆ. ಮುಂಗಾರು ಹಿಡಿದ ಮೇಲೆ ಕಾಡು ಚೆಂದ, ಪ್ರಾಣಿ ವಿರಳ. ಎಲ್ಲ ಹಳ್ಳದಲ್ಲೂ ನೀರಿರುವಾಗ ಅವು ಕೆರೆಗೆ ಯಾಕೆ ಬರಬೇಕು? ಆದರೆ ದಾರಿಯ ಎರಡೂ ಬದಿ ಸವರಿದ ಪಟ್ಟಿಯಲ್ಲಿ ಎಳೆ ಹುಲ್ಲು ಚಿಗುರುವುದರಿಂದ ಜಿಂಕೆ, ಕಾಟಿ ಮಾತ್ರ ದಾರಿಗೇ ಬಂದು ಮೇಯುತ್ತವೆ.

ಸೀಟಿನ ವಿಷಯದಲ್ಲಿ ಎಡವೋ ಬಲವೋ ಎಂದು ಜಗಳವಾಡುವುದು ದಂಡ. ದಾರಿ ತಿರುಗುತ್ತಲೇ ಇರುತ್ತದೆ. ಮುಂದೋ ಹಿಂದೋ ಎನ್ನುವುದರಲ್ಲಿ ವ್ಯತ್ಯಾಸವಿದೆ. ದಾರಿ ದಾಟುವ ಪ್ರಾಣಿ ಮೊದಲು ಕಾಣುವುದು ಮುಂದಿನವರಿಗೆ. ಹಿಂಬದಿ ಚಕ್ರದ ಮೇಲಿನ ಸೀಟು ಎತ್ತಿ ಕುಕ್ಕುತ್ತದೆ. ಬೆನ್ನು ನೋವಿನವರು, ಗರ್ಭಿಣಿಯರು ಅಲ್ಲಿ ಕೂರಲೇಬಾರದು. ಬೇಸಿಗೆಯಲ್ಲಿ ಧೂಳೂ ಅಲ್ಲಿಗೇ ನುಗ್ಗುತ್ತದೆ. ಚಾಲಕ ಬಸ್ಸು ನಿಲ್ಲಿಸಿದಾಗ ಪ್ರಾಣಿ ಸಾಮಾನ್ಯವಾಗಿ ಮುಂದಿನ ಕಿಟಕಿಗಳಿಗೆ ನೇರವಾಗಿರುತ್ತದೆ. ಹಿಂದಿನವರು ಎದ್ದು ಆ ಕಡೆಗೆ ನುಗ್ಗಿದರೆ ಬಸ್ಸು ಅಲುಗಿ, ಸದ್ದಾಗಿ, ಪ್ರಾಣಿ ಪೊದೆ ಸೇರುತ್ತದೆ. ಕೂತಲ್ಲೇ ಕೂತು, ‘ಸ್ವಲ್ಪ ಮುಂದಕ್ಕೆ ಬಿಡಿ’ ಎಂದು ಮೆಲ್ಲಗೆ ಹೇಳಿದರೆ ಸಾಕು. ಮೂರು ನಾಲ್ಕು ಮೀಟರ್ ಉರುಳಿಸಿದರೆ ಎಲ್ಲರಿಗೂ ಕಾಣುತ್ತದೆ.

ಕ್ಯಾಮೆರಾ ಇದ್ದರೆ ಕರ್ನಾಟಕದ ಕಡೆ ಲೆನ್ಸಿನ ಅಳತೆಗೆ ತಕ್ಕ ಶುಲ್ಕವಿದೆ, ರಸೀದಿ ಜೇಬಿನಲ್ಲಿರಲಿ. ಕಿಟಕಿಯ ಜಾಲರಿ ಚಿತ್ರದಲ್ಲಿ ಬರಬಾರದೆಂದರೆ ಲೆನ್ಸನ್ನು ಅದಕ್ಕೆ ತಾಗುವಷ್ಟು ಹತ್ತಿರ ಹಿಡಿದು ಅಪರ್ಚರ್ ಪೂರ್ತಿ ತೆರೆಯಿರಿ, ತಂತಿ ಮಸುಕಾಗಿ ಮಾಯವಾಗುತ್ತದೆ. ಟ್ರೈಪಾಡ್ ಬಸ್ಸಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಕ್ಕಿಯೋ ರಾಗಿಯೋ ತುಂಬಿದ ಎರಡು ಕೆ.ಜಿ.ಯ ಬಟ್ಟೆ ಚೀಲವನ್ನು ಕಿಟಕಿಯ ಅಂಚಿಗಿಟ್ಟು ಅದರ ಮೇಲೆ ಲೆನ್ಸ್ ಇಡಿ. ಎಂಜಿನ್ ಓಡುತ್ತಿದ್ದರೆ ಆ ನಡುಕಕ್ಕೆ ಶಟರ್ ವೇಗ 1/500ಕ್ಕಿಂತ ಕೆಳಗಿಳಿಸಬೇಡಿ. ಮೊಬೈಲ್ ಬ್ಯಾಗಿನಲ್ಲೇ ಇರಲಿ. ಕೋರ್ ಕಾಡಿನ ಪ್ರವಾಸಿ ವಲಯದಲ್ಲಿ ಅದನ್ನು ಬಳಸಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ.

ಆನೆ ಎದುರಾದಾಗ ಭಯ ಬೀಳುವುದು ಸಹಜ. ಕಿವಿ ಅಗಲಿಸಿ, ತಲೆ ಒದರಿ, ನಾಲ್ಕು ಹೆಜ್ಜೆ ಮುಂದೆ ನುಗ್ಗಿ ನಿಲ್ಲುವುದು ಬಹುತೇಕ ಬೆದರಿಕೆ. ಮರಿ ಇರುವ ಹಿಂಡು, ಕೆನ್ನೆಯ ಮೇಲೆ ಮದ ಸುರಿಯುವ ಒಂಟಿ ಸಲಗ, ಇವೆರಡೂ ಬೇರೆ ಲೆಕ್ಕ. ಅಂಥ ಕಡೆ ಅನುಭವಿ ಚಾಲಕ ದೂರದಲ್ಲೇ ನಿಲ್ಲಿಸಿ ಹಿಂದೆ ಸರಿಯುವ ದಾರಿ ಉಳಿಸಿಕೊಳ್ಳುತ್ತಾನೆ, ಹಾರ್ನ್ ಮುಟ್ಟುವುದಿಲ್ಲ. ಆಗ ಕೂಗಿದವನೇ ಬಸ್ಸಿನ ಶತ್ರು. ತಿಂಡಿ ಎಸೆಯುವ ಚಾಳಿಯಂತೂ ಬೇಡವೇ ಬೇಡ. ಕಾರಪಳ್ಳಂನಲ್ಲಿ ಲಾರಿಯವರು ಎಸೆದ ಕಬ್ಬು ತಿಂದು ರುಚಿ ಕಂಡ ಆನೆಗಳು ಈಗ ರಸ್ತೆಗೇ ಬಂದು ಲಾರಿ ತಡೆಯುತ್ತವೆ.

ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರಿಗೆ ಇನ್ನೊಂದು ದಾರಿಯಿದೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟ. ತಪ್ಪಲಿನಲ್ಲಿ ಕಾರು, ಬೈಕು ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲೇ ಮೇಲೆ ಹೋಗಬೇಕು. ಆ ಬಸ್ಸು ಹತ್ತುವುದು ಬಂಡೀಪುರದ ಕಾಡಿನಲ್ಲೇ. ದೇವರ ದರ್ಶನವಂತೂ ಖಚಿತ, ಹುಲ್ಲುಗಾವಲಿನಲ್ಲಿ ಆನೆ ಕಂಡರೆ ಅದು ಲಾಭ.

ಕೊನೆಗೆ ಗಡಿಯಾಚೆಯವರಿಗೆ ಸಮಯದ ಲೆಕ್ಕ. ತಾಳವಾಡಿಯಿಂದ ಚಾಮರಾಜನಗರ, ತೆರಕಣಾಂಬಿ, ಗುಂಡ್ಲುಪೇಟೆ ಮೇಲೆ ಮೇಲುಕಾಮನಹಳ್ಳಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಬೆಳಗಿನ ಮೊದಲ ಬಸ್ಸು ಬೇಕೆಂದರೆ ನಾಲ್ಕಕ್ಕೇ ಮನೆ ಬಿಡಬೇಕು, ಇಲ್ಲವೇ ಗುಂಡ್ಲುಪೇಟೆಯಲ್ಲಿ ಉಳಿಯಬೇಕು. ಬಂಡೀಪುರ ದಾಟಿ ಹೋಗುವ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದಲೂ ಹೀಗೆಯೇ. ಹಾಗಾಗಿ ಗುಂಡ್ಲುಪೇಟೆ ಕಡೆಯಿಂದ ಹೋದವರಿಗೆ ತೆಪ್ಪಕಾಡಿನ ಮೊದಲ ವ್ಯಾನು ಸಿಗುವುದು ಕಷ್ಟ. ಅವರು ಮಧ್ಯಾಹ್ನದ್ದನ್ನೇ ಹಿಡಿದು, ಸಂಜೆ ಆನೆ ಶಿಬಿರದಲ್ಲಿ ಮೇವು ಕೊಡುವುದನ್ನೂ ನೋಡಿ ಬರಬಹುದು. ನೀಲಗಿರಿ ಜಿಲ್ಲೆಗೆ ಹೊರಗಿನ ಸ್ವಂತ ವಾಹನ ಹೋಗಬೇಕೆಂದರೆ ಇ-ಪಾಸ್ ಬೇಕು, 2024ರ ಮೇಯಿಂದ ಈ ನಿಯಮವಿದೆ. ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ಅಲ್ಲಿ ಹಿಡಿಯುತ್ತಾರೆ, ಸ್ಟೀಲಿನದ್ದು ಒಯ್ಯಿರಿ. ಹೊರಡುವ ಹಿಂದಿನ ದಿನ ಸಫಾರಿ ನಡೆಯುತ್ತಿದೆಯೇ ಎಂದು ಫೋನ್ ಮಾಡಿ ಕೇಳುವುದನ್ನು ತಪ್ಪಿಸಬೇಡಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದಾಗ, ಗೊತ್ತಿಲ್ಲದೆ ಹೊರಟವರಿಗೆ ಸಿಕ್ಕಿದ್ದು ಮುಚ್ಚಿದ ಕೌಂಟರ್. ಸಂಜೆಯ ಟ್ರಿಪ್ ಮುಗಿಸಿ ಸತ್ಯಮಂಗಲಕ್ಕೆ ಇಳಿಯುವವರು ಇನ್ನೊಂದು ಗೇಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿಂಬಂ ಘಾಟಿಯಲ್ಲೂ ರಾತ್ರಿ 9ರ ಮೇಲೆ ಕಾರು ಬಿಡುವುದಿಲ್ಲ. ಸಫಾರಿಯಿಂದ ಹೊರಬಿದ್ದ ಮೇಲೆ ಗುಂಡ್ಲುಪೇಟೆಯಲ್ಲಿ ಊಟಕ್ಕೆ ಕೂತು ಹೊತ್ತು ಕಳೆದರೆ ಘಾಟಿಯ ಈಚೆಯೇ ರಾತ್ರಿ ಕಳೆಯಬೇಕಾದೀತು.